ಅಂಕಪಟ್ಟಿ ಇರಲಿ, ಘಟಕಕ್ಕೆ ಬೀಗ ಬಿದ್ದದ್ದೇಕೆ ಹೇಳಿ

ವಿದೇಶದಲ್ಲಿ ಅಭಿವೃದ್ಧಿ ಅಧ್ಯಯನ: ಓದುಗರ ಪ್ರಶ್ನೆಗೆ ತಜ್ಞರ ಉತ್ತರ

ಈ ಬಾರಿ ಬಂದ ಪತ್ರಗಳಲ್ಲೂ ಊರು ಬೇರೆ ಬೇರೆ, ಪ್ರಶ್ನೆ ಮಾತ್ರ ಒಂದೇ. ಕನ್ನಡ ಮಾಧ್ಯಮ, ಸರ್ಕಾರಿ ಕಾಲೇಜು, ಕಡಿಮೆ ಅಂಕ. ನನ್ನಂಥವರಿಗೆ ಲಂಡನ್ನಿನ ಬಾಗಿಲು ತೆರೆದೀತೇ? ಉತ್ತರ ಕೊಟ್ಟು ಕೊಟ್ಟು ಬೇಸರ ಬಂದಿದೆ. ಆದ್ದರಿಂದ ಇದೊಂದನ್ನು ಈ ಸಲ ಪೂರ್ತಿಯಾಗಿ ಬರೆದುಬಿಡುತ್ತೇನೆ. ಅಭಿವೃದ್ಧಿ ಅಧ್ಯಯನ ಎಂದರೆ ಬಡತನ ಏಕೆ ಉಳಿಯುತ್ತದೆ, ಯೋಜನೆಗಳು ಏಕೆ ಕೆಡುತ್ತವೆ ಎಂದು ಓದುವ ವಿಷಯ. ಪಾಸ್‌ಪೋರ್ಟ್ ಮಾಡಿಸುವುದು ಹೇಗೆ, ಅರ್ಜಿ ಎಲ್ಲಿ ಸಿಗುತ್ತದೆ ಎಂದೆಲ್ಲ ಕೇಳಿದವರಿಗೆ ಉತ್ತರವಿಲ್ಲ. ಅಷ್ಟನ್ನು ಹುಡುಕಿಕೊಳ್ಳಲಾರದವರು ಹೊರದೇಶದಲ್ಲಿ ಒಂದು ವರ್ಷ ಹೇಗೆ ಓದುತ್ತಾರೆ?

ಪ್ರಶ್ನೆ: ನನಗೆ 29 ವರ್ಷ. ಕೊಪ್ಪಳ ಜಿಲ್ಲೆಯವನು. ಕನ್ನಡ ಮಾಧ್ಯಮದಲ್ಲಿ ಬಿ.ಎ. ಮಾಡಿದೆ, ಶೇ 54 ಬಂತು. ಎರಡು ವಿಷಯಗಳನ್ನು ಮರುಪರೀಕ್ಷೆಯಲ್ಲಿ ಪಾಸು ಮಾಡಿಕೊಂಡೆ. ಐದು ವರ್ಷಗಳಿಂದ ಒಂದು ಸ್ವಯಂಸೇವಾ ಸಂಸ್ಥೆಯಲ್ಲಿ ಕುಡಿಯುವ ನೀರಿನ ಕೆಲಸ. ಬ್ರಿಟನ್ನಿನಲ್ಲಿ ಅಭಿವೃದ್ಧಿ ಅಧ್ಯಯನ ಓದುವ ಆಸೆ. ಹುಬ್ಬಳ್ಳಿಯ ಕನ್ಸಲ್ಟೆನ್ಸಿಯೊಂದರವರು ಮೂರು ವರ್ಷದ ಪದವಿ ನಡೆಯುವುದಿಲ್ಲ, ತಮ್ಮದೇ ಡಿಪ್ಲೊಮಾ ಮಾಡಬೇಕು, ನಡುವಿನ ಖಾಲಿ ವರ್ಷಕ್ಕೆ ಅನುಭವ ಪತ್ರವನ್ನೂ ತಾವೇ 'ವ್ಯವಸ್ಥೆ' ಮಾಡಿಕೊಡುತ್ತೇವೆ ಎನ್ನುತ್ತಿದ್ದಾರೆ. ಅಪ್ಪನ ಹೆಸರಿನಲ್ಲಿ ಮೂರು ಎಕರೆ ಒಣಭೂಮಿ ಇದೆ. ಅಡವಿಟ್ಟರೆ ಸಾಲ ಸಿಗುತ್ತದೆಯೇ?

ಉತ್ತರ: ಮೊದಲು ಆ ಕನ್ಸಲ್ಟೆನ್ಸಿಯವರ ಫೋನ್ ಎತ್ತುವುದನ್ನು ನಿಲ್ಲಿಸಿ. ಬ್ರಿಟನ್ನಿನ ವಿಶ್ವವಿದ್ಯಾಲಯಗಳು ಭಾರತದ ಮೂರು ವರ್ಷದ ಪದವಿಯನ್ನು ಮೊದಲಿನಿಂದಲೂ ಒಪ್ಪಿಕೊಂಡು ಬಂದಿವೆ. ಅವರದೂ ಬಹುಪಾಲು ಮೂರೇ ವರ್ಷದ ಪದವಿ. ನಾಲ್ಕು ವರ್ಷದ ತಕರಾರು ಬರುವುದು ಮುಖ್ಯವಾಗಿ ಅಮೆರಿಕದ ಕಡೆ. ಅಲ್ಲಿ ಓದಲು ಕೊಡುವ ಫುಲ್‌ಬ್ರೈಟ್-ನೆಹರೂ ಸ್ನಾತಕೋತ್ತರ ಫೆಲೋಶಿಪ್‌ಗೆ ನಾಲ್ಕು ವರ್ಷದ ಪದವಿ ಬೇಕು. ಇಲ್ಲವೇ ಮೂರು ವರ್ಷದ ಪದವಿಯ ಮೇಲೆ ಎಂ.ಎ. ಅಥವಾ ಪೂರ್ಣಾವಧಿ ಸ್ನಾತಕೋತ್ತರ ಡಿಪ್ಲೊಮಾ ಬೇಕು. ಇದನ್ನು ಅಲ್ಲಿಂದ ಎತ್ತಿ ಬ್ರಿಟನ್ನಿಗೆ ಅಂಟಿಸಿ, ತಮ್ಮ ಡಿಪ್ಲೊಮಾ ಮಾರುತ್ತಿದ್ದಾರೆ. ಇವರಲ್ಲಿ ಹೆಚ್ಚಿನವರಿಗೆ ವಿಶ್ವವಿದ್ಯಾಲಯಗಳಿಂದಲೇ ಕಮಿಷನ್ ಬರುತ್ತದೆ. ನಿಮ್ಮ ಮುಂದೆ ಇಡುವ ಪಟ್ಟಿ ಕಮಿಷನ್ನಿನ ಪಟ್ಟಿ, ಒಳ್ಳೆಯ ವಿಭಾಗಗಳ ಪಟ್ಟಿಯಲ್ಲ. ಇನ್ನು 'ವ್ಯವಸ್ಥೆ' ಮಾಡಿದ ಅನುಭವ ಪತ್ರ: ಸುಳ್ಳು ದಾಖಲೆ ಕೊಟ್ಟದ್ದು ಗೊತ್ತಾದರೆ ಬ್ರಿಟನ್ ವೀಸಾ ನಿರಾಕರಿಸುವುದಷ್ಟೇ ಅಲ್ಲ, ಹತ್ತು ವರ್ಷ ಆ ಕಡೆ ತಲೆ ಹಾಕದಂತೆ ಮಾಡಬಹುದು. ಆಗ ಕನ್ಸಲ್ಟೆನ್ಸಿಯ ಬೋರ್ಡು ಬದಲಾಗಿರುತ್ತದೆ, ನಿಮ್ಮ ಹೆಸರು ಬದಲಾಗುವುದಿಲ್ಲ.

ಶೇ 54 ಕಡಿಮೆಯೇ. ಅದನ್ನು ಸುತ್ತಿ ಬಳಸಿ ಹೇಳಿ ಪ್ರಯೋಜನವಿಲ್ಲ. ಒಳ್ಳೆಯ ವಿಭಾಗಗಳು ಸಾಮಾನ್ಯವಾಗಿ ಶೇ 60ರ ಆಸುಪಾಸು ಕೇಳುತ್ತವೆ, ಕೆಲವು 55ಕ್ಕೆ ಇಳಿಯುತ್ತವೆ. ಆದರೆ ಈ ಅಧ್ಯಯನದ ಜಾಯಮಾನವೇ ಬೇರೆ. ಬ್ರೈಟನ್ನಿನ ಸಸೆಕ್ಸ್ ವಿಶ್ವವಿದ್ಯಾಲಯದ ಆವರಣದಲ್ಲಿ 1966ರಿಂದ ಇರುವ ಅಭಿವೃದ್ಧಿ ಅಧ್ಯಯನ ಸಂಸ್ಥೆಯಾಗಲಿ, ನೆದರ್ಲೆಂಡ್ಸ್‌ನ ಹೇಗ್ ನಗರದಲ್ಲಿ 1952ರಲ್ಲಿ ಶುರುವಾದ ಸಾಮಾಜಿಕ ಅಧ್ಯಯನ ಸಂಸ್ಥೆಯಾಗಲಿ, ಕ್ಷೇತ್ರದಲ್ಲಿ ಕೆಲಸ ಮಾಡಿ ಬಂದವರನ್ನು ಕೂರಿಸಿಕೊಂಡೇ ಹೆಸರು ಮಾಡಿದವು. ಆದ್ದರಿಂದ ಪ್ರವೇಶ ವಿಭಾಗಕ್ಕೆ ನೇರವಾಗಿ ಒಂದು ಇ-ಮೇಲ್ ಬರೆಯಿರಿ. 'ಅಂಕ ಇಷ್ಟು, ಕೆಲಸ ಇಷ್ಟು ವರ್ಷ, ಪರಿಗಣಿಸುತ್ತೀರಾ?' ಎಂದು ಮೂರು ಸಾಲು ಸಾಕು. ಅವರು ಉತ್ತರಿಸುತ್ತಾರೆ, ಅದಕ್ಕೆ ದುಡ್ಡು ಕೇಳುವುದಿಲ್ಲ.

ಜೊತೆಗೆ ನಾನು ಕೊಡುವ ಸಲಹೆ ಹಲವರಿಗೆ ರುಚಿಸುವುದಿಲ್ಲ: ಇಲ್ಲೇ ಒಂದು ಎಂ.ಎ. ಮಾಡಿ. ಇಂದಿರಾಗಾಂಧಿ ಮುಕ್ತ ವಿಶ್ವವಿದ್ಯಾಲಯದ ಗ್ರಾಮೀಣಾಭಿವೃದ್ಧಿ ಎಂ.ಎ. ಇದೆ, ಕೆಲಸ ಬಿಡದೆ ಓದಬಹುದು. ಪದವಿಯಲ್ಲಿ ಅಂಕ ಕಡಿಮೆಯಿದ್ದರೂ ಸಂಬಂಧಪಟ್ಟ ಸ್ನಾತಕೋತ್ತರ ಪದವಿ ಇದ್ದವರ ಅರ್ಜಿಯನ್ನು ಬ್ರಿಟನ್ನಿನಲ್ಲಿ ಓದಲು ನೆರವಾಗುವ ಕಾಮನ್‌ವೆಲ್ತ್ ಶೇರ್ಡ್ ವಿದ್ಯಾರ್ಥಿವೇತನದವರು ನೋಡುತ್ತಾರೆ. ಜರ್ಮನಿಯ ಡಾಡ್ ಸಂಸ್ಥೆ ಅಭಿವೃದ್ಧಿ ಸಂಬಂಧಿತ ಕೋರ್ಸುಗಳಿಗೆ ಕೊಡುವ ವಿದ್ಯಾರ್ಥಿವೇತನದಲ್ಲಿ ಇನ್ನೊಂದು ಷರತ್ತಿದೆ: ಎರಡು ವರ್ಷದ ಕೆಲಸದ ಅನುಭವ ಬೇಕು, ಕೊನೆಯ ಪದವಿ ಸಾಮಾನ್ಯವಾಗಿ ಆರು ವರ್ಷಕ್ಕಿಂತ ಹಳೆಯದಾಗಿರಬಾರದು. ನಿಮ್ಮ ಬಿ.ಎ. ಆ ಗಡಿಯ ಹತ್ತಿರ ಬಂದಿದೆ. ಎಂ.ಎ. ಮುಗಿಸಿದರೆ ಲೆಕ್ಕ ಹೊಸದಾಗಿ ಶುರುವಾಗುತ್ತದೆ. ಎರಡು ವರ್ಷ ಹಾಳು ಎಂದು ಗೊಣಗಬೇಡಿ, ಆ ಎರಡು ವರ್ಷವೂ ಅನುಭವದ ಖಾತೆಗೆ ಜಮಾ. ಬ್ರಿಟನ್ ಸರ್ಕಾರದ ಚೀವ್ನಿಂಗ್ ವಿದ್ಯಾರ್ಥಿವೇತನ ಕೇಳುವುದೂ ಅನುಭವವನ್ನೇ: 2,800 ಗಂಟೆ, ಅಂದರೆ ಸುಮಾರು ಎರಡು ವರ್ಷದ ಕೆಲಸ. ಅದು ನಿಮ್ಮಲ್ಲಿ ಈಗಲೇ ಇದೆ, ಅಂಕದ ಮಿತಿಯನ್ನು ದಾಟುವುದಷ್ಟೇ ಬಾಕಿ.

ಈಗ ಜಮೀನಿನ ಮಾತು. ಬ್ಯಾಂಕುಗಳು ಏಳೂವರೆ ಲಕ್ಷ ದಾಟಿದ ಶಿಕ್ಷಣ ಸಾಲಕ್ಕೆ ಸಾಮಾನ್ಯವಾಗಿ ಅಡಮಾನ ಕೇಳುತ್ತವೆ. ಬ್ರಿಟನ್ನಿನಲ್ಲಿ ಇಂಥ ಒಂದು ವರ್ಷದ ಕೋರ್ಸಿನ ಶುಲ್ಕವೇ ಹೆಚ್ಚುಕಡಿಮೆ 20ರಿಂದ 30 ಸಾವಿರ ಪೌಂಡ್. ಊಟ, ಬಾಡಿಗೆ ಬೇರೆ. ಕೃಷಿ ಭೂಮಿಯನ್ನು ಬ್ಯಾಂಕಿನವರು ಈ ಸಾಲಕ್ಕೆ ಬಹುತೇಕ ಒಪ್ಪುವುದಿಲ್ಲ, ಏಕೆಂದರೆ ಸಾಲ ಮುಳುಗಿದಾಗ ಆಸ್ತಿ ವಶಪಡಿಸಿಕೊಳ್ಳಲು ಅವರು ಬಳಸುವ ಸರ್ಫೇಸಿ ಕಾಯ್ದೆ ಕೃಷಿ ಭೂಮಿಗೆ ಅನ್ವಯಿಸುವುದಿಲ್ಲ. ಅಪ್ಪನ ಮೂರು ಎಕರೆಯನ್ನು ಈ ಕಾಯ್ದೆ ನಿಮ್ಮ ಆಸೆಯಿಂದಲೂ ಕಾಪಾಡುತ್ತಿದೆ ಎಂದುಕೊಳ್ಳಿ. 'ಹಾಗಾದರೆ ಮಾರಿಬಿಡುತ್ತೇನೆ' ಎಂದು ಇನ್ನೊಂದು ಪತ್ರ ಬರೆಯಬೇಡಿ. ಈ ವಿಷಯದಲ್ಲಿ ನಾನು ಹಳೆಯ ಕಾಲದವರ ಹಾಗೆ ಹೆದರುಪುಕ್ಕ: ಪೂರ್ಣ ವಿದ್ಯಾರ್ಥಿವೇತನ ಸಿಗದಿದ್ದರೆ ಅಭಿವೃದ್ಧಿ ಅಧ್ಯಯನಕ್ಕಾಗಿ ಹೊರದೇಶಕ್ಕೆ ಹೋಗಲೇಬೇಡಿ. ಇದನ್ನು ಓದಿ ಬಂದವರು ಸಾಫ್ಟ್‌ವೇರ್‌ನವರಂತೆ ನಾಲ್ಕು ವರ್ಷದಲ್ಲಿ ಸಾಲ ತೀರಿಸುವುದಿಲ್ಲ.

ಅದರಲ್ಲೂ ಈಗಂತೂ ಬೇಡ. ಅಮೆರಿಕದ ನೆರವು ಸಂಸ್ಥೆ ಯುಎಸ್‌ಏಡ್ 2025ರ ಜುಲೈ 1ರಂದು ಪ್ರತ್ಯೇಕ ಸಂಸ್ಥೆಯಾಗಿ ಕೊನೆಗೊಂಡಿತು, ಅಳಿದುಳಿದ ಕೆಲಸ ವಿದೇಶಾಂಗ ಇಲಾಖೆಯ ಪಾಲಾಯಿತು. ಬ್ರಿಟನ್ ತನ್ನ ನೆರವನ್ನು 2027ರ ಹೊತ್ತಿಗೆ ರಾಷ್ಟ್ರೀಯ ಆದಾಯದ ಶೇ 0.5ರಿಂದ 0.3ಕ್ಕೆ ಇಳಿಸುವುದಾಗಿ ಹೇಳಿದೆ. ಆ ಹಣದ ಮೇಲೆ ನಿಂತಿದ್ದ ಸಂಸ್ಥೆಗಳು ಜಗತ್ತಿನ ಎಲ್ಲೆಡೆ ಜನರನ್ನು ಮನೆಗೆ ಕಳಿಸುತ್ತಿವೆ. ಇಪ್ಪತ್ತು ವರ್ಷ ಅನುಭವವಿದ್ದವರೇ ಕೆಲಸ ಹುಡುಕುತ್ತಿರುವಾಗ, ಸಾಲದ ಗಂಟು ಹೊತ್ತ ನೀವು ಆ ಸಾಲಿನ ಕೊನೆಯಲ್ಲಿ ನಿಲ್ಲುತ್ತೀರಿ.

ಇಷ್ಟೆಲ್ಲ ಹೇಳಿದ ಮೇಲೂ ಹೋಗಲೇಬೇಕೆಂದರೆ, ನಿಜವಾದ ಅಡ್ಡಿ ಎಲ್ಲಿದೆ ಎಂದು ಹೇಳುತ್ತೇನೆ. ಅದು ಅಂಕಪಟ್ಟಿಯಲ್ಲಿಲ್ಲ, ನೀವು ಲಗತ್ತಿಸಿದ ಉದ್ದೇಶ ಪತ್ರದಲ್ಲಿದೆ, ಅಂದರೆ ಈ ಕೋರ್ಸು ಏಕೆ ಬೇಕು ಎಂದು ಅರ್ಜಿಯ ಜೊತೆ ಬರೆಯುವ ಪತ್ರದಲ್ಲಿ. 'ಬಾಲ್ಯದಿಂದಲೇ ಬಡವರ ಸೇವೆಯ ಹಂಬಲ' ಎಂದು ಶುರುವಾಗುತ್ತದೆ. ನನಗೆ ಬರುವ ಹತ್ತರಲ್ಲಿ ಒಂಬತ್ತು ಪತ್ರಗಳು ಹೀಗೇ ಶುರುವಾಗುತ್ತವೆ. ಒಂದೇ ಕನ್ಸಲ್ಟೆನ್ಸಿಯ ಕಂಪ್ಯೂಟರಿನಿಂದ ಬಂದಿರಬಹುದು. ನಂತರ ಒಂದು ಪುಟ ಮನೆಯ ಬಡತನ. ಆಯ್ಕೆ ಸಮಿತಿಯವರು ಕರುಣೆಯ ಮೇಲೆ ಸೀಟು ಕೊಡುವುದಿಲ್ಲ.

ಆದರೆ ನನಗೆ ಬರೆದ ಪತ್ರದ ಹಿಂಬದಿಯಲ್ಲಿ, ಪೆನ್ನಿನಲ್ಲಿ, ಏನೋ ನೆನಪಾದಂತೆ ನೀವು ಎರಡು ಸಾಲು ಗೀಚಿದ್ದೀರಿ. ನಿಮ್ಮ ವ್ಯಾಪ್ತಿಯ ಮೂರು ಹಳ್ಳಿಗಳಲ್ಲಿ ಶುದ್ಧ ಕುಡಿಯುವ ನೀರಿನ ಘಟಕಕ್ಕೆ ಬೀಗ ಬಿದ್ದಿದೆ, ಪಕ್ಕದ ಹಳ್ಳಿಯದು ಮಾತ್ರ ನಡೆಯುತ್ತಿದೆ, ಅಲ್ಲಿ ನಾಣ್ಯದ ಪೆಟ್ಟಿಗೆಯ ಕೀಲಿ ಮಹಿಳಾ ಸಂಘದವರ ಕೈಯಲ್ಲಿದೆ ಎಂದು. ಮಹರಾಯರೇ, ಇದಲ್ಲವೇ ಉದ್ದೇಶ ಪತ್ರ! ಫ್ಲೋರೈಡ್ ನೀರಿನ ಜಿಲ್ಲೆಯಲ್ಲಿ ಸರ್ಕಾರ ಯಂತ್ರ ಕೂರಿಸಿತು. ಯಂತ್ರ ಕೆಟ್ಟಿತೇ, ಕರೆಂಟ್ ಬಿಲ್ ಕಟ್ಟುವವರಿಲ್ಲವೇ, ಫಿಲ್ಟರ್ ಬದಲಿಸುವುದು ಗುತ್ತಿಗೆದಾರನ ಹೊಣೆಯೇ ಪಂಚಾಯಿತಿಯದೇ? ಬೀಗ ಬಿದ್ದ ಮೇಲೆ ಜನ ಯಾವ ಕೊಳವೆ ಬಾವಿಗೆ ಮರಳಿದರು? ಕೀಲಿ ಹೆಂಗಸರ ಕೈಗೆ ಹೋದದ್ದು ಹೇಗೆ, ಅದಕ್ಕೆ ಅಡ್ಡಬಂದವರು ಯಾರು? ಸಸೆಕ್ಸ್‌ನಲ್ಲಿ ಒಂದು ವರ್ಷ ಕೂತು ಓದುವುದು ಇಂಥ ಪ್ರಶ್ನೆಗಳನ್ನೇ. ನಿಮ್ಮ ಬಳಿ ಪ್ರಶ್ನೆಯೂ ಇದೆ, ಅರ್ಧ ಉತ್ತರವೂ ಇದೆ. ಅದನ್ನು ಹಾಳೆಯ ಹಿಂಬದಿಗೆ ತಳ್ಳಿ, ಮುಂಬದಿಯಲ್ಲಿ ಬಾಲ್ಯದ ಹಂಬಲ ಬರೆದಿದ್ದೀರಿ.

ಬರೆಯುವ ಮುನ್ನ ಡಾ. ಡಿ.ಎಂ. ನಂಜುಂಡಪ್ಪ ಸಮಿತಿಯ 2002ರ ವರದಿ ನೋಡಿ. ರಾಜ್ಯದ 114 ತಾಲ್ಲೂಕುಗಳನ್ನು ಹಿಂದುಳಿದವೆಂದು ಗುರುತಿಸಿ, 39ನ್ನು ಅತ್ಯಂತ ಹಿಂದುಳಿದವೆಂದು ಪಟ್ಟಿ ಮಾಡಿತು. ನಿಮ್ಮ ತಾಲ್ಲೂಕು ಎಲ್ಲಿದೆ, ಏಕೆ ಎಂದು ನಿಮಗೆ ತಿಳಿದಿರಬೇಕು. ಸಂದರ್ಶನಕ್ಕೆ ಬಂದವರು ಅಮರ್ತ್ಯ ಸೇನ್ ಎನ್ನುತ್ತಾರೆ, ಆಫ್ರಿಕಾ ಎನ್ನುತ್ತಾರೆ. ಸ್ವಂತ ಜಿಲ್ಲೆಯ ಬಗ್ಗೆ ಕೇಳಿದರೆ ಛಾವಣಿ ನೋಡುತ್ತಾರೆ. ರಾಜ್ಯದ ಗ್ರಾಮೀಣಾಭಿವೃದ್ಧಿ ಸಚಿವರಾಗಿದ್ದ ಅಬ್ದುಲ್ ನಜೀರ್ ಸಾಬ್ ಅವರನ್ನು ಜನ ನೀರ್ ಸಾಬ್ ಎಂದು ಏಕೆ ಕರೆದರು, ಜಿಲ್ಲಾ ಪರಿಷತ್ತುಗಳಿಗೆ ಅವರು ಕೊಡಿಸಿದ ಅಧಿಕಾರ ಆಮೇಲೆ ಏನಾಯಿತು ಎಂದು ಹೇಳಬಲ್ಲವರನ್ನು ಯಾವ ಸಮಿತಿಯೂ ಶೇ 54 ಎಂದು ಅಳೆಯುವುದಿಲ್ಲ.

ಇಂಗ್ಲಿಷ್? ಐಇಎಲ್‌ಟಿಎಸ್ ಎಂಬ ಇಂಗ್ಲಿಷ್ ಪರೀಕ್ಷೆಯಲ್ಲಿ ಆರೂವರೆ, ಕೆಲವೆಡೆ ಏಳು ಕೇಳುತ್ತಾರೆ. ಪರೀಕ್ಷೆ ದಾಟುವುದು ಕಷ್ಟವಲ್ಲ, ಅಲ್ಲಿ ವಾರಕ್ಕೆ ನೂರಾರು ಪುಟ ಓದಿ ಚರ್ಚೆಗೆ ಕೂರುವುದು ಕಷ್ಟ. ಬೆಂಗಳೂರಿನ ನಾಗರಬಾವಿಯಲ್ಲಿ ವಿ.ಕೆ.ಆರ್.ವಿ. ರಾವ್ ಅವರು 1972ರಲ್ಲಿ ಕಟ್ಟಿದ ಸಾಮಾಜಿಕ ಮತ್ತು ಆರ್ಥಿಕ ಬದಲಾವಣೆ ಅಧ್ಯಯನ ಸಂಸ್ಥೆ ತನ್ನ ಸಂಶೋಧನಾ ಪ್ರಬಂಧಗಳನ್ನು ಜಾಲತಾಣದಲ್ಲಿ ಉಚಿತವಾಗಿ ಹಾಕುತ್ತದೆ. ಅನೇಕವು ಕರ್ನಾಟಕದ ಬಗ್ಗೆಯೇ. ವಾರಕ್ಕೆ ಒಂದನ್ನು ಓದಿ, ಒಂದು ಪುಟದಲ್ಲಿ ಇಂಗ್ಲಿಷಿನಲ್ಲಿ ಅದರೊಡನೆ ಜಗಳವಾಡಿ. ವಿಷಯ ಗೊತ್ತಿರುವಾಗ ಭಾಷೆ ಬೇಗ ಬಗ್ಗುತ್ತದೆ. ಸ್ಪೋಕನ್ ಇಂಗ್ಲಿಷ್ ತರಗತಿಗೆ ಸುರಿಯುವ ಹಣದಲ್ಲಿ ಪರೀಕ್ಷಾ ಶುಲ್ಕ ಕಟ್ಟಿ.

ಒಂದು ಸಣ್ಣ ವಿಷಯ, ಸಣ್ಣದೆಂದು ಬಿಟ್ಟವರು ಅತ್ತಿದ್ದಾರೆ. ಅಂಕಪಟ್ಟಿಯಲ್ಲಿ ನಿಮ್ಮ ಹೆಸರಿನ ಮುಂದೆ ಎರಡು ಇನಿಷಿಯಲ್, ಪಾಸ್‌ಪೋರ್ಟಿನಲ್ಲಿ ಅಪ್ಪನ ಹೆಸರು ಮನೆತನದ ಹೆಸರಾಗಿ ಕೂತಿದೆ, ಆಧಾರ್‌ನಲ್ಲಿ ಮೂರನೆಯದು. ಇವು ಮೂರೂ ಒಬ್ಬನೇ ಎಂದು ಕೊಪ್ಪಳದಲ್ಲಿ ಎಲ್ಲರಿಗೂ ಗೊತ್ತು, ಹೊರದೇಶದ ಗುಮಾಸ್ತರಿಗೆ ಗೊತ್ತಿಲ್ಲ. ಈಗಲೇ ಸರಿಪಡಿಸಿ. ವಿಶ್ವವಿದ್ಯಾಲಯದಿಂದ ಟ್ರಾನ್ಸ್‌ಕ್ರಿಪ್ಟ್, ಅಂದರೆ ಎಲ್ಲ ವರ್ಷಗಳ ಅಂಕಗಳ ಅಧಿಕೃತ ದಾಖಲೆ, ತರಿಸಲೂ ಈಗಲೇ ಅರ್ಜಿ ಹಾಕಿ, ಕೊನೆಯ ದಿನಾಂಕ ನೋಡಿ ಓಡಬೇಡಿ. ಶಿಫಾರಸು ಪತ್ರವನ್ನು ನಿಮ್ಮ ಮುಖ ನೆನಪಿರದ ಪ್ರಾಂಶುಪಾಲರಿಂದ ಬರೆಸುವ ಬದಲು, ಬಿಸಿಲಲ್ಲಿ ನಿಮ್ಮ ಜೊತೆ ಹಳ್ಳಿ ಸುತ್ತಿದ ಮೇಲಧಿಕಾರಿಯಿಂದ ಒಂದಾದರೂ ಬರೆಸಿ.

ಪ್ರಶ್ನೆ: ಪರಿಶಿಷ್ಟ ಜಾತಿಗೆ ಸೇರಿದವಳು. ಮಲ ಹೊರುವ ಪದ್ಧತಿಯ ಬಗ್ಗೆ ವಿದೇಶದಲ್ಲಿ ಸಂಶೋಧನೆ ಮಾಡಬೇಕೆಂದಿದ್ದೇನೆ. ಕೇಂದ್ರದ ವಿದ್ಯಾರ್ಥಿವೇತನ ಸಿಗುತ್ತದೆಯೇ? (ಕಲಬುರಗಿ)

ಉತ್ತರ: ಕೇಂದ್ರ ಸಾಮಾಜಿಕ ನ್ಯಾಯ ಸಚಿವಾಲಯದ ರಾಷ್ಟ್ರೀಯ ಸಾಗರೋತ್ತರ ವಿದ್ಯಾರ್ಥಿವೇತನಕ್ಕೆ ಶೇ 60 ಅಂಕ, 35ರೊಳಗಿನ ವಯಸ್ಸು, ಎಂಟು ಲಕ್ಷದೊಳಗಿನ ಕುಟುಂಬದ ಆದಾಯ ಬೇಕು. ಇವೆಲ್ಲ ಇದ್ದರೂ ಒಂದು ಕೊಕ್ಕೆ ಇದೆ. ಭಾರತದ ಸಂಸ್ಕೃತಿ, ಪರಂಪರೆ, ಇತಿಹಾಸ ಮತ್ತು ಭಾರತವನ್ನು ಕುರಿತ ಸಾಮಾಜಿಕ ಅಧ್ಯಯನಗಳಿಗೆ ಈ ವೇತನವಿಲ್ಲ ಎಂದು 2022ರಲ್ಲಿ ನಿಯಮ ತಂದರು. ಜಾತಿಯ ಪೆಟ್ಟು ತಿಂದವರಿಗಾಗಿಯೇ ಇರುವ ಹಣದಲ್ಲಿ ಜಾತಿಯ ಬಗ್ಗೆ ಮಾತ್ರ ಓದಬಾರದು! ಇದಕ್ಕೆ ನಾನು ಸಮಾಧಾನ ಹೇಳಲಾರೆ. ಅರ್ಜಿ ಹಾಕುವ ಮೊದಲು ಆ ವರ್ಷದ ಮಾರ್ಗಸೂಚಿಯನ್ನು ಸಾಲು ಸಾಲಾಗಿ ಓದಿ. ರಾಜ್ಯ ಸಮಾಜ ಕಲ್ಯಾಣ ಇಲಾಖೆಯ ಪ್ರಬುದ್ಧ ಯೋಜನೆಯನ್ನೂ, ಕಾಮನ್‌ವೆಲ್ತ್ ವೇತನವನ್ನೂ ನೋಡಿ.

ಪ್ರಶ್ನೆ: ಓದಿನಲ್ಲಿ ಮೂರು ವರ್ಷ ಗ್ಯಾಪ್ ಇದೆ. ತಿರಸ್ಕರಿಸುತ್ತಾರೆಯೇ?

ಉತ್ತರ: ಬರೋಡಾ ಸಂಸ್ಥಾನದ ವಿದ್ಯಾರ್ಥಿವೇತನ ಮುಗಿದು ಅಂಬೇಡ್ಕರ್ 1917ರಲ್ಲಿ ಲಂಡನ್ನಿನ ಓದನ್ನು ಅರ್ಧಕ್ಕೆ ಬಿಟ್ಟು ಬಂದರು, 1920ರಲ್ಲಿ ಮರಳಿ ಹೋದರು, 1923ರಲ್ಲಿ ಡಿ.ಎಸ್‌ಸಿ. ಪಡೆದರು. ನಡುವೆ ಮುಂಬೈಯ ಸಿಡೆನ್‌ಹ್ಯಾಮ್ ಕಾಲೇಜಿನಲ್ಲಿ ಪಾಠ ಮಾಡುತ್ತಿದ್ದರು. ನೀವು ಏನು ಮಾಡುತ್ತಿದ್ದಿರಿ ಎಂದು ಬರೆಯಿರಿ, ಸಾಕು.

ಪ್ರಶ್ನೆ: ಗಂಡ, ಮಗುವನ್ನು ಬ್ರಿಟನ್ನಿಗೆ ಕರೆದುಕೊಂಡು ಹೋಗಬಹುದೇ?

ಉತ್ತರ: ಪಾಠಪ್ರಧಾನ ಸ್ನಾತಕೋತ್ತರ ಕೋರ್ಸಿಗೆ ಹೋಗುವವರು, ಸರ್ಕಾರಿ ವಿದ್ಯಾರ್ಥಿವೇತನದ ಮೇಲೆ ಹೋಗುವವರನ್ನು ಬಿಟ್ಟರೆ, 2024ರ ಜನವರಿಯಿಂದ ಕರೆದೊಯ್ಯುವಂತಿಲ್ಲ. 'ದಾರಿ ಇದೆ' ಎನ್ನುವ ಏಜೆಂಟರ ದಾರಿ ಠಾಣೆಗೆ.

ಪ್ರಶ್ನೆ: ಓದು ಮುಗಿಸಿದರೆ ವಿಶ್ವಸಂಸ್ಥೆಯಲ್ಲಿ ಕೆಲಸ ಗ್ಯಾರಂಟಿಯೇ?

ಉತ್ತರ: ಇಲ್ಲ. ವಿಶ್ವಸಂಸ್ಥೆಯ ಸಚಿವಾಲಯ ಇಂಟರ್ನ್‌ಗಳಿಗೆ ಸಂಬಳವನ್ನೂ ಕೊಡುವುದಿಲ್ಲ.

ಪ್ರಶ್ನೆ: ಹೊರದೇಶಕ್ಕೇ ಹೋಗಬೇಕೇ, ಇಲ್ಲಿ ಓದಿದರೆ ಬೆಲೆಯಿಲ್ಲವೇ?

ಉತ್ತರ: ಇಷ್ಟು ಪತ್ರಗಳ ನಡುವೆ ಇದನ್ನು ಕೇಳಿದವರು ನೀವೊಬ್ಬರೇ. ಬೆಂಗಳೂರಿನ ಅಜೀಂ ಪ್ರೇಮ್‌ಜಿ ವಿಶ್ವವಿದ್ಯಾಲಯದಲ್ಲಿ ಅಭಿವೃದ್ಧಿ ವಿಷಯದ ಎಂ.ಎ. ಇದೆ, ಮನೆಯ ಆದಾಯ ನೋಡಿ ಶುಲ್ಕ ವಿನಾಯಿತಿಯನ್ನೂ ಕೊಡುತ್ತಾರೆ. ಮುಂಬೈಯ ಟಾಟಾ ಸಮಾಜ ವಿಜ್ಞಾನ ಸಂಸ್ಥೆ ಇದೆ. ನನ್ನ ಮಗಳು ಕೇಳಿದ್ದರೆ ಮೊದಲು ಇಲ್ಲಿ ಓದು, ಕೆಲಸ ಮಾಡು, ಆಮೇಲೆ ವಿದ್ಯಾರ್ಥಿವೇತನ ಕೊಡುವವರ ಖರ್ಚಿನಲ್ಲಿ ಹೋಗು ಎನ್ನುತ್ತಿದ್ದೆ.

ಪ್ರಶ್ನೆ: ನನಗೆ 41. ತಡವಾಯಿತೇ?

ಉತ್ತರ: ಚೀವ್ನಿಂಗ್‌ಗೆ ವಯಸ್ಸಿನ ಮಿತಿಯಿಲ್ಲ. ಅರ್ಜಿ ಸಾಮಾನ್ಯವಾಗಿ ಆಗಸ್ಟ್‌ನಲ್ಲಿ ತೆರೆಯುತ್ತದೆ. ಓದು ಮುಗಿದ ಮೇಲೆ ಎರಡು ವರ್ಷ ಸ್ವದೇಶದಲ್ಲಿರಬೇಕೆಂಬ ಷರತ್ತಿದೆ, ಅದನ್ನು ಮನೆಯವರಿಗೆ ಮೊದಲೇ ತಿಳಿಸಿ, ಕೆಲವರಿಗೆ ಅದೇ ನೆಮ್ಮದಿ.