ಮೂರು ಗಂಟೆ ಹೋಯಿತೆಂದು ಬರೆದವರಿಗೆ

ಓದುಗರ ಪತ್ರ: ತಮ್ಮ ಪತ್ರಿಕೆಯಲ್ಲಿ ಬಂದ ಮೆಚ್ಚುಗೆಯ ಬರಹವನ್ನು ನಂಬಿ ಗ್ರೀಕ್ ನಿರ್ದೇಶಕ ಥಿಯೊ ಆಂಗೆಲೊಪುಲೊಸ್ ಅವರ ‘ಯುಲಿಸಿಸ್‌ನ ನೋಟ’ ಚಿತ್ರವನ್ನು ಪೂರ್ತಿ ನೋಡಿದೆ. ಮೂರು ಗಂಟೆ ಹೋಯಿತು. ಒಬ್ಬ ಮನುಷ್ಯ ಹಳೆಯ ಮೂರು ರೀಲುಗಳನ್ನು ಹುಡುಕುತ್ತ ದೇಶದಿಂದ ದೇಶಕ್ಕೆ ಅಲೆಯುತ್ತಾನೆ. ಕೊನೆಗೆ ಅವು ಸಿಕ್ಕರೂ ಒಳಗೇನಿದೆ ಎಂಬುದನ್ನು ನಮಗೆ ತೋರಿಸುವುದಿಲ್ಲ. ನಡುವೆ ಒಬ್ಬ ಅಜ್ಜಿಯನ್ನು ಅಲ್ಬೇನಿಯದ ಚೌಕವೊಂದರಲ್ಲಿ ಇಳಿಸಿ ಹೋಗುತ್ತಾರೆ. ಅವಳ ಗತಿ ಏನಾಯಿತೆಂಬುದೂ ಇಲ್ಲ. ಅಮೆರಿಕದ ವಿಮರ್ಶಕ ರೋಜರ್ ಈಬರ್ಟ್ ಇದಕ್ಕೆ ಒಂದೇ ನಕ್ಷತ್ರ ಕೊಟ್ಟರು, ಫ್ರಾನ್ಸಿನ ಕಾನ್ ಚಿತ್ರೋತ್ಸವದವರು ದೊಡ್ಡ ಬಹುಮಾನ ಕೊಟ್ಟರು. ಯಾರ ಮಾತು ಸರಿ?
— ನಿವೃತ್ತ ಇತಿಹಾಸ ಅಧ್ಯಾಪಕಿ, ಧಾರವಾಡ

ಸಂಪಾದಕರ ಉತ್ತರ:

ಮಾನ್ಯರೇ,

ಅರ್ಧಕ್ಕೇ ಎದ್ದುಹೋದವರ ದೂರುಗಳು ನಮಗೆ ಬೇಕಾದಷ್ಟು ಬರುತ್ತವೆ. ತಾವು ಕೊನೆಯ ದೃಶ್ಯದವರೆಗೂ ಕುಳಿತು ನೋಡಿ, ಆಮೇಲೆ ಸಿಟ್ಟಾಗಿದ್ದೀರಿ. ಅಂಥ ಸಿಟ್ಟಿಗೆ ಉತ್ತರ ಕೊಡುವುದು ನನ್ನ ಕರ್ತವ್ಯ.

ಈಬರ್ಟ್ ಅವರ ಆಕ್ಷೇಪದಲ್ಲಿ ಹುರುಳೇ ಇಲ್ಲವೆಂದು ನಾನು ಹೇಳುವುದಿಲ್ಲ. ನಾಯಕನ ಪಾತ್ರ ಮಾಡಿದ ಹಾರ್ವಿ ಕೈಟೆಲ್ ಅವರ ಬಾಯಲ್ಲಿ ಕೆಲವು ಮಾತುಗಳು ಬರೆದಿಟ್ಟದ್ದನ್ನು ಓದಿದಂತೆ ಕೇಳುತ್ತವೆ. ನಾಲ್ವರು ಹೆಂಗಸರ ಪಾತ್ರಗಳನ್ನೂ ಮಾಯಾ ಮೋರ್ಗನ್‌ಸ್ಟರ್ನ್ ಒಬ್ಬರಿಂದಲೇ ಮಾಡಿಸಿರುವುದರಿಂದ, ಆ ಹೆಂಗಸರು ನಾಯಕನ ನೆನಪುಗಳಾಗಿ ಉಳಿದು, ತಮ್ಮದೇ ಆದ ಬದುಕಿಲ್ಲದವರಾಗಿದ್ದಾರೆ. ಇಷ್ಟನ್ನು ಒಪ್ಪುತ್ತೇನೆ. ಆದರೆ ತಮ್ಮ ನಿಜವಾದ ತಕರಾರು ಮೂರು ಗಂಟೆಯದು, ಮತ್ತು ಅದನ್ನು ನಾನು ಒಪ್ಪಲಾರೆ.

ಇತಿಹಾಸ ಕಲಿಸಿದವರು ತಾವು. ಎರಡನೆಯ ಮಹಾಯುದ್ಧದ ಕೊನೆಯಿಂದ ಪೂರ್ವ ಯುರೋಪಿನಲ್ಲಿ ಹೊಸ ಕಮ್ಯುನಿಸ್ಟ್ ಪ್ರಭುತ್ವ ಬೇರುಬಿಡುವವರೆಗಿನ ವರ್ಷಗಳನ್ನು ಪಠ್ಯಪುಸ್ತಕದ ಒಂದೂವರೆ ಪುಟದಲ್ಲಿ ಮಕ್ಕಳಿಗೆ ಹೇಳಿ ಮುಗಿಸಬೇಕಾದ ಕಷ್ಟ ತಮಗೆ ತಿಳಿದಿರಲೇಬೇಕು. ರುಮೇನಿಯದ ಕೊನ್‌ಸ್ತಾಂತ್ಸಾ ಪಟ್ಟಣದ ಆ ಮನೆಯ ದೃಶ್ಯವನ್ನು ನೆನಪಿಸಿಕೊಳ್ಳಿ. ನಡುವಯಸ್ಸಿನ ನಾಯಕ ತನ್ನ ಬಾಲ್ಯದ ಮನೆಯೊಳಗೆ ಕಾಲಿಡುತ್ತಾನೆ. ಅಲ್ಲಿ ಅವನ ತಾಯಿ ಇನ್ನೂ ಯುವತಿ. 1945ರ ಹೊಸ ವರ್ಷಕ್ಕೆ ನೆಂಟರೆಲ್ಲ ಸೇರಿ ಕುಣಿಯುತ್ತಿದ್ದಾರೆ. ಕ್ಯಾಮೆರಾ ಎಲ್ಲಿಯೂ ಕತ್ತರಿಸದೆ ಅದೇ ನಡುಮನೆಯಲ್ಲಿ ನಿಂತಿರುತ್ತದೆ. ಕುಣಿತ ಮುಗಿಯುವ ಮೊದಲೇ 1948 ಬಂದು ಮನೆಯವರೊಬ್ಬರನ್ನು ಹಿಡಿದೊಯ್ಯುತ್ತಾರೆ. ಮತ್ತೆ ಕುಣಿತ ಶುರುವಾಗುವಷ್ಟರಲ್ಲಿ 1950 ಆಗಿ, ಸರ್ಕಾರದ ಕಡೆಯವರು ಪಿಯಾನೊವನ್ನೇ ಹೊತ್ತುಕೊಂಡು ಹೋಗುತ್ತಾರೆ. ಉಳಿದವರು ಕುಟುಂಬದ ಫೋಟೊಕ್ಕೆ ಸಾಲಾಗಿ ನಿಲ್ಲುತ್ತಾರೆ. ಐದು ವರ್ಷ, ಒಂದು ಕೋಣೆ, ಒಂದೇ ಶಾಟ್. ಇದನ್ನು ಇಪ್ಪತ್ತು ತುಣುಕುಗಳಾಗಿ ಕತ್ತರಿಸಿದ್ದರೆ ಬೇಗ ಮುಗಿಯುತ್ತಿತ್ತು, ನಿಜ. ಆದರೆ ಹಬ್ಬವನ್ನು ಬಿಡದ ಜನ ಒಬ್ಬೊಬ್ಬರಾಗಿ ಕಡಿಮೆಯಾಗುತ್ತ ಹೋಗುವುದನ್ನು ನಾವು ಅವರ ಜೊತೆಗೇ ನಿಂತು ಅನುಭವಿಸುತ್ತಿರಲಿಲ್ಲ. ಹಿಂದೂಸ್ತಾನಿ ಸಂಗೀತದ ವಿಲಂಬಿತ ಖ್ಯಾಲಿನಲ್ಲಿ ತಾಳದ ಮೊದಲ ಪೆಟ್ಟಾದ ಸಮ್ ಬರುವ ತನಕ ಕಾಯುವುದನ್ನು ಬಲ್ಲ ಊರಿನವರಾದ ತಾವು ಇದನ್ನು ನಿಧಾನವೆಂದು ತಳ್ಳಿಹಾಕಿದ್ದು ನನಗೆ ಸ್ವಲ್ಪ ನೋವುಂಟುಮಾಡಿದೆ.

ಇನ್ನು ಆ ರೀಲುಗಳ ವಿಷಯ. ಅವನ್ನು ತೆಗೆದರೆಂದು ಚಿತ್ರ ಹೇಳುವ ಯಾನಾಕಿ ಮತ್ತು ಮಿಲ್ಟನ್ ಮನಾಕಿ ಸಹೋದರರು ಕಲ್ಪನೆಯ ಜನರಲ್ಲ. 1905ರಲ್ಲಿ ಲಂಡನ್ನಿನಿಂದ ತಂದ ಕ್ಯಾಮೆರಾದಲ್ಲಿ ಅವರು ತಮ್ಮ ಹುಟ್ಟೂರಾದ ಅವ್ದೆಲ್ಲಾದಲ್ಲಿ ನೂಲುವ, ನೇಯುವ ಹೆಂಗಸರನ್ನು ಚಿತ್ರಿಸಿದರು. ಅವರ ನಡುವೆ ನೂರು ದಾಟಿದ್ದ ಅವರ ಅಜ್ಜಿ ದೆಸ್ಪಿನಾ ಕೂಡ ಇದ್ದಳು. ಬಾಲ್ಕನ್ ಪ್ರದೇಶದ ಸಿನಿಮಾ ಚರಿತ್ರೆ ಶುರುವಾಗುವುದೇ ಅಲ್ಲಿಂದ ಎನ್ನುವವರಿದ್ದಾರೆ, ಆಂಗೆಲೊಪುಲೊಸ್ ತಮ್ಮ ಚಿತ್ರವನ್ನು ಶುರುಮಾಡುವುದೂ ಆ ತುಣುಕಿನಿಂದಲೇ. ಇಂದು ಗ್ರೀಸ್‌ನಲ್ಲಿರುವ ಆ ಊರು ಆಗ ಒಟ್ಟೊಮನ್ ಸಾಮ್ರಾಜ್ಯದಲ್ಲಿತ್ತು. ಸಹೋದರರು ಸ್ಟುಡಿಯೊ ಇಟ್ಟ ಮೊನಾಸ್ತಿರ್ ಪಟ್ಟಣವೂ ಅದೇ ಸಾಮ್ರಾಜ್ಯದ್ದು; ಇಂದು ಅದು ಬಿತೋಲಾ ಎಂಬ ಹೆಸರಿನಿಂದ ಬೇರೆ ದೇಶದಲ್ಲಿ, ಉತ್ತರ ಮ್ಯಾಸಿಡೋನಿಯದಲ್ಲಿದೆ. ಅವರು ಕ್ಯಾಮೆರಾ ಹಿಡಿದಾಗ ಇಲ್ಲದಿದ್ದ ಗಡಿಗಳನ್ನು ನಾಯಕ ಒಂದೊಂದಾಗಿ ದಾಟುತ್ತ ಫ್ಲೋರಿನಾದಿಂದ ಕೊರ್ಚಾ, ಸ್ಕೋಪ್ಯೆ, ಬುಖಾರೆಸ್ಟ್, ಬೆಲ್‌ಗ್ರೇಡ್ ಮೂಲಕ ಬೋಸ್ನಿಯದ ರಾಜಧಾನಿ ಸರಾಯೆವೊ ತಲುಪುತ್ತಾನೆ. ತಮ್ಮ ಪತ್ರದಲ್ಲಿ ‘ಅಲೆಯುತ್ತಾನೆ’ ಎಂದಿರುವುದು ಈ ದಾರಿಯನ್ನು.

1995ರ ಮೇ ತಿಂಗಳಲ್ಲಿ ಈ ಚಿತ್ರ ಕಾನ್‌ನಲ್ಲಿ ತೆರೆಕಂಡಾಗ ಸರಾಯೆವೊದ ಮುತ್ತಿಗೆ ಇನ್ನೂ ಮುಗಿದಿರಲಿಲ್ಲ. 1992ರ ಏಪ್ರಿಲ್‌ನಲ್ಲಿ ಶುರುವಾದ ಅದು ತೆರವಾದದ್ದು 1996ರ ಫೆಬ್ರುವರಿಯಲ್ಲಿ. ಯುಗೊಸ್ಲಾವಿಯ ಒಡೆದುಹೋದ ಸಂಕಟದ ಬಗ್ಗೆಯೇ ಅದೇ ಸ್ಪರ್ಧೆಯಲ್ಲಿ ಇನ್ನೊಂದು ಚಿತ್ರವಿತ್ತು: ಎಮಿರ್ ಕುಸ್ತುರಿತ್ಸಾ ಅವರ ‘ಅಂಡರ್‌ಗ್ರೌಂಡ್’. ಅದು ವಾದ್ಯ, ಕುಡಿತ, ಕೂಗಾಟಗಳ ಚಿತ್ರ. ಇದು ಮಂಜು ಮತ್ತು ಮೌನದ ಚಿತ್ರ. ನಟಿ ಝಾನ್ ಮೊರೊ ಅಧ್ಯಕ್ಷತೆಯ ತೀರ್ಪುಗಾರರು ಮೊದಲ ಬಹುಮಾನವಾದ ಪಾಮ್ ದೋರ್ ಅನ್ನು ಅದಕ್ಕೂ, ತಾವು ಹೇಳಿದ ದೊಡ್ಡ ಬಹುಮಾನವನ್ನು, ಅಂದರೆ ಎರಡನೆಯದನ್ನು, ಇದಕ್ಕೂ ಕೊಟ್ಟರು. ಆಂಗೆಲೊಪುಲೊಸ್ ತಮ್ಮ ಅಸಮಾಧಾನವನ್ನು ವೇದಿಕೆಯ ಮೇಲೆ ಮುಚ್ಚಿಡಲಿಲ್ಲ. ಅವರ ಆ ನಡತೆಯನ್ನೇ ಹಿಡಿದು ಚಿತ್ರವನ್ನೂ ಜಂಬದ್ದೆಂದು ಅಳೆದವರು ಇದ್ದಾರೆ. ಗೆದ್ದ ಚಿತ್ರಕ್ಕೂ ನ್ಯಾಯ ಸಿಗಲಿಲ್ಲವೆನ್ನಿ. ಫ್ರೆಂಚ್ ಚಿಂತಕ ಅಲೆನ್ ಫಿಂಕೆಲ್‌ಕ್ರಾಟ್ ಅದನ್ನು ನೋಡದೆಯೇ ದೊಡ್ಡ ಪತ್ರಿಕೆಯೊಂದರಲ್ಲಿ ಖಂಡಿಸಿ ಬರೆದರು. ನೋಡದೆ ಬರೆಯುವುದು ಮತ್ತು ಕಾಯದೆ ಬರೆಯುವುದು, ಎರಡೂ ನನಗೆ ಒಂದೇ ರೋಗದ ಲಕ್ಷಣಗಳಾಗಿ ಕಾಣುತ್ತವೆ.

ನಾನು ಇದನ್ನು ಮೊದಲು ನೋಡಿದ್ದು ತೊಂಬತ್ತರ ದಶಕದ ಕೊನೆಯಲ್ಲಿ, ಬೆಂಗಳೂರಿನ ಫಿಲ್ಮ್ ಸೊಸೈಟಿಯೊಂದರ ಪ್ರದರ್ಶನದಲ್ಲಿ. ಲೆನಿನ್ನನ ಒಡೆದ ಪ್ರತಿಮೆಯನ್ನು ದೋಣಿಯ ಮೇಲೆ ಮಲಗಿಸಿ ಡ್ಯಾನ್ಯೂಬ್ ನದಿಯಲ್ಲಿ ಸಾಗಿಸುವ ದೃಶ್ಯ ಬಂದಾಗ ಹಿಂದಿನ ಸಾಲುಗಳಲ್ಲಿ ಕುರ್ಚಿಗಳ ಸದ್ದು ಕೇಳತೊಡಗಿತು. ದಡದ ಜನ ಓಡಿಬಂದು ಮೊಣಕಾಲೂರಿ ಶಿಲುಬೆಯ ಗುರುತು ಮಾಡಿಕೊಳ್ಳುವಷ್ಟರಲ್ಲಿ ಅನೇಕರು ಹೊರಟುಹೋಗಿದ್ದರು. ದೇವರನ್ನು ಅಲ್ಲಗಳೆದ ನಾಯಕನ ಕಲ್ಲಿನ ದೇಹಕ್ಕೆ ಜನ ಹೆಣಕ್ಕೆ ಸಲ್ಲಿಸುವ ಮರ್ಯಾದೆ ಸಲ್ಲಿಸುತ್ತಾರೆ. ಒಂದು ಶತಮಾನದ ಶವಯಾತ್ರೆ ಅದು, ಎಲೆನಿ ಕರಾಇಂದ್ರು ಅವರ ಸಂಗೀತ ಅದರ ಜೊತೆಗೆ ನಡೆಯುತ್ತದೆ. ಶವಯಾತ್ರೆಯನ್ನು ಓಡಿಸಿಕೊಂಡು ಹೋಗುವವರು ಎಲ್ಲಿದ್ದಾರೆ? ಪ್ರದರ್ಶನ ಮುಗಿದಾಗ ಉಳಿದವರು ಹದಿನೈದು ಮಂದಿ ಇರಬಹುದು. ನನ್ನ ಪಕ್ಕದಲ್ಲಿದ್ದ ಹಿರಿಯರೊಬ್ಬರು ದೀಪ ಹತ್ತಿದ ಮೇಲೂ ಏಳದೆ, ಕನ್ನಡಕ ತೆಗೆದು ಕಣ್ಣೊರೆಸಿಕೊಳ್ಳುತ್ತಿದ್ದರು. ಅವರು ರೈಲ್ವೆಯಲ್ಲಿ ಗುಮಾಸ್ತರಾಗಿದ್ದವರೆಂದು ಆಮೇಲೆ ತಿಳಿಯಿತು. ಇಂಥ ಚಿತ್ರಗಳು ಪಂಡಿತರಿಗೆ ಮಾತ್ರ ಎಂಬ ಮಾತನ್ನು ಅಂದಿನಿಂದ ನಾನು ನಂಬಿಲ್ಲ.

ನಕ್ಷತ್ರಗಳ ವಿಷಯದಲ್ಲಿ ನನಗೆ ಹಳೆಯ ನೋವಿದೆ. ಹಿಂದೆ ದಿನಪತ್ರಿಕೆಯೊಂದಕ್ಕೆ ಚಿತ್ರವಿಮರ್ಶೆ ಬರೆಯುತ್ತಿದ್ದಾಗ, ಬರಹವನ್ನು ನೂರೈವತ್ತು ಪದಗಳಿಗೆ ಇಳಿಸಿ ಮೇಲೆ ನಕ್ಷತ್ರ ಹಾಕಿಕೊಡಿ ಎಂದು ಕೇಳಿದರು. ನಾನು ಬರೆಯುವುದನ್ನೇ ಬಿಟ್ಟೆ. ಇಂದು ಜನ ಸಿನಿಮಾವನ್ನು ಮೊಬೈಲಿನಲ್ಲಿ ಒಂದೂವರೆ ಪಟ್ಟು ವೇಗದಲ್ಲಿ ಓಡಿಸಿ ನೋಡುತ್ತಾರೆ. ಫಿಲ್ಮ್ ಸೊಸೈಟಿಗಳಿಗೆ ಹೊಸ ಸದಸ್ಯರು ಸಿಗುವುದಿಲ್ಲ. ಈಬರ್ಟ್ ದೊಡ್ಡ ವಿಮರ್ಶಕರು, ತಮ್ಮ ಅಸಹನೆಗೆ ಕಾರಣಗಳನ್ನು ಪೂರ್ತಿ ಬರೆದರು. ನಮಗೆ ಇಲ್ಲಿಗೆ ತಲುಪಿದ್ದು ಆ ಕಾರಣಗಳಲ್ಲ, ಒಂದು ನಕ್ಷತ್ರ ಮಾತ್ರ.

ರೀಲುಗಳನ್ನು ತೋರಿಸಲಿಲ್ಲವೆಂಬುದಕ್ಕೆ ಈಗ ಬರುತ್ತೇನೆ. ಸರಾಯೆವೊದಲ್ಲಿ ಮಂಜು ಕವಿದ ದಿನ ಮರೆಯಲ್ಲಿ ಕುಳಿತ ಬಂದೂಕುಗಾರರಿಗೆ ಗುರಿ ಕಾಣುವುದಿಲ್ಲವಾದ್ದರಿಂದ ಜನ ಹೊರಬರುತ್ತಾರೆ, ವಾದ್ಯ ನುಡಿಸುತ್ತಾರೆ, ಕುಣಿಯುತ್ತಾರೆ. ಅದೇ ಮಂಜಿನಲ್ಲಿ, ರೀಲುಗಳನ್ನು ಕಾಪಾಡಿದ ಮುದುಕನನ್ನೂ ಅವನ ಮನೆಯವರನ್ನೂ ಕೊಲ್ಲುತ್ತಾರೆ. ತೆರೆ ಬರೀ ಬಿಳಿಯಾಗಿರುತ್ತದೆ. ನಮಗೆ ಸದ್ದು ಮಾತ್ರ ಕೇಳುತ್ತದೆ. ಆ ಮುದುಕನ ಪಾತ್ರಕ್ಕೆ ಆರಿಸಿದ್ದ ಇಟಲಿಯ ನಟ ಜಾನ್ ಮರಿಯ ವೊಲೊಂತೆ 1994ರ ಡಿಸೆಂಬರ್‌ನಲ್ಲಿ, ಚಿತ್ರೀಕರಣದ ನಡುವೆಯೇ, ಫ್ಲೋರಿನಾದಲ್ಲಿ ತೀರಿಕೊಂಡರು. ಸ್ವೀಡನ್ನಿನ ನಟ ಎರ್ಲಾಂಡ್ ಯೋಸೆಫ್ಸನ್ ಬಂದು ಆ ಪಾತ್ರವನ್ನು ಮಾಡಿದರು. ಇಷ್ಟಾದ ಮೇಲೆ ನಾಯಕ ಪ್ರೊಜೆಕ್ಟರ್ ಮುಂದೆ ಕುಳಿತು ಅಳುವಾಗ ತೊಂಬತ್ತು ವರ್ಷ ಹಿಂದಿನ ಯಾವ ದೃಶ್ಯವನ್ನು ತೋರಿಸಬೇಕಿತ್ತು? ನೇಯುವ ಅಜ್ಜಿಯನ್ನು ನಾವು ಮೊದಲೇ ನೋಡಿದ್ದೇವೆ. ಆ ಮೊದಲ ನೋಟ ಮತ್ತೆ ಸಿಗುತ್ತದೆಂದು ತೋರಿಸಿದ್ದರೆ ಅದು ಸತ್ತವರಿಗೆ ಮಾಡಿದ ಅನ್ಯಾಯವಾಗುತ್ತಿತ್ತು.

ಕೊರ್ಚಾದ ಚೌಕದಲ್ಲಿ ಇಳಿದ ಅಜ್ಜಿ ದಶಕಗಳಿಂದ ಕಾಣದ ತಂಗಿಯನ್ನು ನೋಡಲು ಬಂದವಳು. ಅವಳು ಗುರುತಿಸಲಾರದಷ್ಟು ಊರು ಬದಲಾಗಿದೆ, ಟ್ಯಾಕ್ಸಿ ಹೊರಟುಹೋಗುತ್ತದೆ. ನಾಯಕನ ಬಗ್ಗೆ ಒಂದೇ ವಾಕ್ಯ ಬರೆದ ತಾವು ಅವಳ ಗತಿಯನ್ನು ಮಾತ್ರ ಮರೆಯದೆ ಕೇಳಿದ್ದೀರಿ. ಆ ಶಾಟ್ ಅಷ್ಟು ಹೊತ್ತು ನಿಲ್ಲದಿದ್ದರೆ ಕೇಳುತ್ತಿದ್ದಿರೇ? ಬಿಡುವಾದಾಗ ಕೊನ್‌ಸ್ತಾಂತ್ಸಾದ ದೃಶ್ಯವೊಂದನ್ನಾದರೂ ಮತ್ತೆ ನೋಡಿ, ಇತಿಹಾಸ ಕಲಿಸಿದವರಾಗಿ ಅದರ ಬಗ್ಗೆ ನಮಗೆ ಬರೆಯಿರಿ. ಅಭಿಪ್ರಾಯ ಬದಲಾಗದಿದ್ದರೂ ಪ್ರಕಟಿಸುತ್ತೇವೆ.