ಮಾಸ್ಟರ್ ಪ್ಲಾನ್‌ನಲ್ಲಿ ಉದ್ಯಾನವೆಂದಿದ್ದ ಜಾಗವನ್ನು ಸರ್ಕಾರ ವಾಣಿಜ್ಯ ವಲಯವಾಗಿ ಬದಲಾಯಿಸಬಹುದೇ?

ನಿಮ್ಮ ತಾಲ್ಲೂಕು ಕೇಂದ್ರದ ಮಾಸ್ಟರ್ ಪ್ಲಾನ್‌ನಲ್ಲಿ ಉದ್ಯಾನವೆಂದು ಹಸಿರು ಬಳಿದಿದ್ದ ಎರಡು ಎಕರೆಯನ್ನು ವಾಣಿಜ್ಯ ಉಪಯೋಗಕ್ಕೆ ಬದಲಾಯಿಸುವ ಪ್ರಸ್ತಾವ ಪತ್ರಿಕೆಯಲ್ಲಿ ಪ್ರಕಟವಾಗಿದೆ, ಪುರಸಭೆ ಒಪ್ಪಿಲ್ಲ, ಆದರೂ ಸರ್ಕಾರ ಅನುಮೋದಿಸಿದರೆ ಅಲ್ಲಿಗೆ ಮುಗಿಯಿತು ಎಂದು ಕಚೇರಿಯಲ್ಲಿ ಹೇಳಿ ಕಳುಹಿಸಿದ್ದಾರೆ ಎಂದು ಬರೆದಿದ್ದೀರಿ. ಮೇಲಿನವರು ಮನಸ್ಸು ಬಂದಾಗ ತಿದ್ದಬಹುದಾದರೆ ಊರಿಗೊಂದು ಯೋಜನೆ ಮಾಡಿಸುವುದಾದರೂ ಏಕೆ ಎಂಬುದು ನಿಮ್ಮ ಪ್ರಶ್ನೆ.

ನಾನು ವಕೀಲನಲ್ಲ. ಒಂದು ಯೋಜನಾ ಪ್ರಾಧಿಕಾರದಲ್ಲಿ ನಕ್ಷೆಗಾರನಾಗಿ ಸೇರಿ, ವಸತಿಗೆ ಹಳದಿ, ವಾಣಿಜ್ಯಕ್ಕೆ ನೀಲಿ, ಕೈಗಾರಿಕೆಗೆ ನೇರಳೆ ಎಂದು ಕೈಯಲ್ಲೇ ಬಣ್ಣ ಹಚ್ಚುತ್ತಿದ್ದ ಕಾಲದಿಂದ ಎಲ್ಲವೂ ಕಂಪ್ಯೂಟರಿಗೆ ಹೋದ ಕಾಲದವರೆಗೆ ಅಲ್ಲೇ ಇದ್ದು ನಿವೃತ್ತನಾದವನು. ಬದಲಾವಣೆಯ ಕಡತಗಳು ಹೋಗುವುದನ್ನೂ ಹಿಂತಿರುಗುವುದನ್ನೂ ಸಾಕಷ್ಟು ನೋಡಿದ್ದೇನೆ. ಕಚೇರಿಯಲ್ಲಿ ನಿಮಗೆ ಹೇಳಿದ್ದು ಅರ್ಧ ಸತ್ಯ. ಸರ್ಕಾರಕ್ಕೆ ಅನುಮೋದಿಸುವ ಅಧಿಕಾರವಿದೆ. ಆದರೆ ಆ ಅಧಿಕಾರಕ್ಕೆ ಕಾಯ್ದೆಯೇ ಒಂದು ಚೌಕಟ್ಟು ಹಾಕಿದೆ, ಮತ್ತು ಆ ಚೌಕಟ್ಟನ್ನು ಮೀರಿದ ಆದೇಶವನ್ನು ಸುಪ್ರೀಂ ಕೋರ್ಟಿನವರೆಗೂ ಹೋಗಿ ಉರುಳಿಸಿದವರು ನಮ್ಮ ರಾಜ್ಯದಲ್ಲೇ ಇದ್ದಾರೆ.

ಮೊದಲು ತಿಳಿಯಬೇಕಾದದ್ದು, ನಿಮ್ಮ ಊರಿನ ಯೋಜನಾ ಪ್ರಾಧಿಕಾರ ಯಾವುದು ಎಂಬುದು. 1961ರ ಕರ್ನಾಟಕ ನಗರ ಮತ್ತು ಗ್ರಾಮಾಂತರ ಯೋಜನಾ ಕಾಯ್ದೆಯ ಪ್ರಕಾರ ದೊಡ್ಡ ನಗರಗಳಲ್ಲಿ ನಗರಾಭಿವೃದ್ಧಿ ಪ್ರಾಧಿಕಾರವೇ ಯೋಜನಾ ಪ್ರಾಧಿಕಾರ. ಇತರ ಕಡೆ ಸರ್ಕಾರ ಪ್ರತ್ಯೇಕ ಪ್ರಾಧಿಕಾರವನ್ನು ರಚಿಸಬಹುದು. ಅದಕ್ಕೆ ಅಧ್ಯಕ್ಷರನ್ನು ನೇಮಿಸುವುದು ಸರ್ಕಾರ, ಸದಸ್ಯ ಕಾರ್ಯದರ್ಶಿಯಾಗಿರುವವರು ನಗರ ಯೋಜನಾ ಅಧಿಕಾರಿ. ಇಂಥ ಪ್ರಾಧಿಕಾರವೇ ಇಲ್ಲದ ಸಣ್ಣ ಊರುಗಳಲ್ಲಿ ಸ್ಥಳೀಯ ಸಂಸ್ಥೆಯೇ ಆ ಕೆಲಸ ಮಾಡುತ್ತದೆ. ನಿಮ್ಮಲ್ಲಿ ಪುರಸಭೆಯೇ ಯೋಜನಾ ಪ್ರಾಧಿಕಾರವಾಗಿದ್ದರೆ ಅದರ ಅಸಮ್ಮತಿಗೆ ಇರುವ ತೂಕವೇ ಬೇರೆ. ಪ್ರತ್ಯೇಕ ಪ್ರಾಧಿಕಾರವಿದ್ದರೆ ಪುರಸಭೆಯ ನಿರ್ಣಯ ಒಂದು ಬಲವಾದ ಆಕ್ಷೇಪಣೆ ಮಾತ್ರ. ಸಂವಿಧಾನದ 74ನೇ ತಿದ್ದುಪಡಿಯ ನಂತರ, ನಗರ ಸ್ಥಳೀಯ ಸಂಸ್ಥೆಗಳಿಗೆ ವಹಿಸಬಹುದಾದ ಕೆಲಸಗಳ ಪಟ್ಟಿಯಾದ ಹನ್ನೆರಡನೇ ಅನುಸೂಚಿಯ ಮೊದಲ ಬಾಬೇ ನಗರ ಯೋಜನೆ, ಎರಡನೆಯದು ಭೂ ಉಪಯೋಗದ ನಿಯಂತ್ರಣ. ಆದರೆ ಆ ಕೆಲಸಗಳನ್ನು ಪುರಸಭೆಗೆ ವಹಿಸಬೇಕೋ ಬೇಡವೋ ಎಂಬುದನ್ನು ರಾಜ್ಯದ ಶಾಸನಕ್ಕೇ ಬಿಟ್ಟಿರುವುದರಿಂದ, ಚುನಾಯಿತ ಪುರಸಭೆ ತನ್ನ ಊರಿನ ನಕ್ಷೆಯ ಮುಂದೆ ಅರ್ಜಿದಾರನಂತೆ ನಿಲ್ಲುವ ಪರಿಸ್ಥಿತಿ ಇಂದಿಗೂ ಇದೆ. ಇದು ಸರಿಯಲ್ಲ ಎಂಬುದು ನನ್ನ ಅಭಿಪ್ರಾಯ. ಕಾಯ್ದೆ ಸದ್ಯಕ್ಕೆ ಇರುವುದು ಹೀಗೆ.

ಯೋಜನೆ ತಯಾರಾಗುವಾಗಲೇ ಸರ್ಕಾರದ ಕೈ ಎರಡು ಸಲ ಅದರ ಮೇಲೆ ಬೀಳುತ್ತದೆ. ಪ್ರಾಧಿಕಾರ ಸಿದ್ಧಪಡಿಸಿದ ಕರಡು ನಗರ ಯೋಜನಾ ನಿರ್ದೇಶಕರ ಮೂಲಕ ಸರ್ಕಾರಕ್ಕೆ ಹೋಗುತ್ತದೆ. ಅಲ್ಲಿಂದ ಮಾರ್ಪಾಡುಗಳೊಂದಿಗೆ ಹಿಂತಿರುಗಿದ ಮೇಲೆ ಪ್ರಕಟವಾಗಿ ಸಾರ್ವಜನಿಕರಿಗೆ 60 ದಿನಗಳ ಕಾಲಾವಕಾಶ ಸಿಗುತ್ತದೆ. ಬಂದ ಆಕ್ಷೇಪಣೆಗಳನ್ನು ಪರಿಶೀಲಿಸಿ ಪ್ರಾಧಿಕಾರ ಮತ್ತೆ ಕಳುಹಿಸಿದ ನಂತರವೇ ಅಂತಿಮ ಅನುಮೋದನೆ. ಈ ಮೇಲ್ವಿಚಾರಣೆಯನ್ನು ನಾನು ಪೂರ್ತಿ ದೂರುವುದಿಲ್ಲ. ನಮ್ಮ ಕಚೇರಿಯ ಒಂದು ಕರಡಿನಲ್ಲಿ ಕೆರೆಯ ಕೆಳಗಿನ ಅಚ್ಚುಕಟ್ಟು ಜಮೀನಿಗೆಲ್ಲ ಹಳದಿ ಬಳಿಸಬೇಕೆಂದು ಪಟ್ಟು ಹಿಡಿದವರು ಸ್ಥಳೀಯ ಸದಸ್ಯರೇ. ಅವರಲ್ಲಿ ಕೆಲವರಿಗೆ ಅಲ್ಲಿ ಜಮೀನಿತ್ತು. ಆ ಹಳದಿಯನ್ನು ಅಳಿಸಿದ್ದು ಮೇಲಿನ ಕಚೇರಿಯಿಂದ ಬಂದ ಅರ್ಧ ಪುಟದ ಟಿಪ್ಪಣಿ. ಅದೇ ಮೇಲಿನ ಕಚೇರಿಯಿಂದ, ಇನ್ನೊಂದು ಸಲ, ವರ್ತುಲ ರಸ್ತೆಯ ಗೆರೆಯೊಂದು ಯಾವ ಕಾರಣವೂ ಇಲ್ಲದೆ ನಾಲ್ಕು ಸರ್ವೆ ನಂಬರಿನಷ್ಟು ಪಕ್ಕಕ್ಕೆ ಸರಿದು ಬಂದಿತ್ತು. ಪ್ರಶ್ನೆ ಅಧಿಕಾರ ಯಾರ ಬಳಿ ಇದೆ ಎಂಬುದಕ್ಕಿಂತ, ಕಾರಣ ಕಡತದಲ್ಲಿ ಬರೆದಿದೆಯೇ ಎಂಬುದರ ಮೇಲೆ ಹೆಚ್ಚು ನಿಲ್ಲುತ್ತದೆ ಎಂದು ನಾನು ಕಲಿತದ್ದು ಈ ಎರಡು ಕಡತಗಳಿಂದ.

ನಿಮ್ಮ ವಿಷಯದಲ್ಲಿ ಯೋಜನೆ ಈಗಾಗಲೇ ಜಾರಿಯಲ್ಲಿದೆ. ಆದ್ದರಿಂದ ಅನ್ವಯಿಸುವುದು ಅದೇ ಕಾಯ್ದೆಯ 14ಎ ಪ್ರಕರಣ. ಜಾರಿಯಲ್ಲಿರುವ ಯೋಜನೆಯಲ್ಲಿ ಭೂ ಉಪಯೋಗದ ಬದಲಾವಣೆಯನ್ನು ಅನುಮತಿಸುವುದು ಪ್ರಾಧಿಕಾರ. ಅದಕ್ಕೆ ಸರ್ಕಾರದ ಪೂರ್ವಾನುಮೋದನೆ ಬೇಕು. ನಕ್ಷೆಯಲ್ಲಿ ದೋಷವೋ ಲೋಪವೋ ಇರಬೇಕು, ಇಲ್ಲವೇ ವಿವರಗಳು ಪೂರ್ತಿಯಾಗಿ ನಮೂದಾಗದೆ ಉಳಿದಿರಬೇಕು, ಇಲ್ಲವೇ ಯೋಜನೆಯನ್ನು ಅನುಷ್ಠಾನಗೊಳಿಸುವಾಗ ಉಂಟಾದ ಸಂದರ್ಭ ಆ ಬದಲಾವಣೆಯನ್ನು ಬೇಡುತ್ತಿರಬೇಕು. ಇದರ ಮೇಲೆ ಮೂರು ಷರತ್ತುಗಳಿವೆ: ಬದಲಾವಣೆ ಸಾರ್ವಜನಿಕ ಹಿತಾಸಕ್ತಿಯದಾಗಿರಬೇಕು, ಈ ಕಾಯ್ದೆಯನ್ನಾಗಲಿ ಭೂಮಿಯ ಯೋಜನೆಗೆ ಸಂಬಂಧಿಸಿದ ಬೇರೆ ಯಾವ ಕಾನೂನನ್ನಾಗಲಿ ಉಲ್ಲಂಘಿಸಬಾರದು, ಮತ್ತು ಪ್ರಸ್ತಾವವನ್ನು ಆ ಪ್ರದೇಶದಲ್ಲಿ ಪ್ರಸಾರವಿರುವ ದಿನಪತ್ರಿಕೆಯಲ್ಲಿ ಪ್ರಕಟಿಸಿ ಆಕ್ಷೇಪಣೆಗೆ ಕನಿಷ್ಠ 15 ದಿನ ಕೊಡಬೇಕು. ಊರಿನಲ್ಲಿ ಹತ್ತು ಪ್ರತಿಯೂ ಬಾರದ ಪತ್ರಿಕೆಯ ಒಳಪುಟದಲ್ಲಿ ಇಂಥ ಪ್ರಕಟಣೆ ಬಂದು ಹೋದದ್ದನ್ನು ನಾನು ಕಂಡಿದ್ದೇನೆ. ನಿಮ್ಮ ಕಣ್ಣಿಗೆ ಅದು ಬಿದ್ದಿರುವುದೇ ಅರ್ಧ ಗೆಲುವು.

ಮೇಲೆ ಹೇಳಿದ ಉರುಳಿದ ಆದೇಶ ಬೆಂಗಳೂರಿನ ರಾಜಮಹಲ್ ವಿಲಾಸ್ ಬಡಾವಣೆಯದು. ಅಲ್ಲಿ ಸಾರ್ವಜನಿಕ ಉದ್ಯಾನಕ್ಕೆಂದು ಕಾದಿರಿಸಿದ್ದ ಜಾಗವನ್ನು 1976ರಲ್ಲಿ ಮುಖ್ಯಮಂತ್ರಿಗಳ ನಿರ್ದೇಶನದಂತೆ ಆಸ್ಪತ್ರೆ ನಿವೇಶನವಾಗಿ ಬದಲಾಯಿಸಿ ಖಾಸಗಿ ಟ್ರಸ್ಟ್ ಒಂದಕ್ಕೆ ಹಂಚಲಾಯಿತು. ನಿವಾಸಿಗಳು ಹೈಕೋರ್ಟಿಗೆ ಹೋದರು. ಏಕಸದಸ್ಯ ಪೀಠದಲ್ಲಿ ಸೋತರು, ವಿಭಾಗೀಯ ಪೀಠದಲ್ಲಿ ಗೆದ್ದರು. ಬೆಂಗಳೂರು ಮೆಡಿಕಲ್ ಟ್ರಸ್ಟ್ ವಿರುದ್ಧ ಬಿ.ಎಸ್. ಮುದ್ದಪ್ಪ ಎಂಬ ಹೆಸರಿನ ಈ ಪ್ರಕರಣದಲ್ಲಿ ಸುಪ್ರೀಂ ಕೋರ್ಟ್ 1991ರಲ್ಲಿ ನಿವಾಸಿಗಳ ಪರವಾದ ತೀರ್ಪನ್ನೇ ಎತ್ತಿಹಿಡಿಯಿತು. ಸರ್ಕಾರ ಆಧಾರವಾಗಿ ತೋರಿಸಿದ್ದು ಬೆಂಗಳೂರು ಅಭಿವೃದ್ಧಿ ಪ್ರಾಧಿಕಾರ ಕಾಯ್ದೆಯ 65ನೇ ಪ್ರಕರಣವನ್ನು. ಅದರಲ್ಲಿ ಸರ್ಕಾರ ಪ್ರಾಧಿಕಾರಕ್ಕೆ ನಿರ್ದೇಶನ ನೀಡಬಹುದು ಎಂದಿದೆ. ಆ ಅಧಿಕಾರ ಕಾಯ್ದೆಯ ಉದ್ದೇಶಗಳನ್ನು ಈಡೇರಿಸುವುದಕ್ಕೆ ಕೊಟ್ಟದ್ದೇ ಹೊರತು ಕಾನೂನುಬದ್ಧವಾಗಿ ಮಂಜೂರಾದ ಯೋಜನೆಯನ್ನು ಕೆಡಿಸುವುದಕ್ಕಲ್ಲ, ಉದ್ಯಾನದ ಬದಲಿಗೆ ಖಾಸಗಿ ಆಸ್ಪತ್ರೆ ಬಂದರೆ ಸಾರ್ವಜನಿಕ ಹಿತ ಉಳಿಯಿತು ಎನ್ನಲಾಗದು ಎಂಬುದು ನ್ಯಾಯಾಲಯದ ನಿಲುವು. ಅದಕ್ಕಿಂತ ನಿಮಗೆ ಉಪಯುಕ್ತವಾದ ಅಂಶ ಇನ್ನೊಂದಿದೆ: ಆ ಜಾಗದ ಒಡೆಯರಲ್ಲದ, ಸುತ್ತ ವಾಸಿಸುವ ಸಾಮಾನ್ಯ ನಿವಾಸಿಗಳಿಗೂ ಪ್ರಶ್ನಿಸುವ ಹಕ್ಕಿದೆ ಎಂಬುದನ್ನು ನ್ಯಾಯಾಲಯ ಅಲ್ಲಿ ಒಪ್ಪಿಕೊಂಡಿತು. ನಿಮ್ಮ ವಕೀಲರು ಓದಬೇಕಾದ ಮೊದಲ ತೀರ್ಪು ಇದು.

ಯೋಜನೆಯ ಬಲ ಎಷ್ಟೆಂಬುದು ಎದುರು ದಿಕ್ಕಿನಿಂದಲೂ ಕಾಣುತ್ತದೆ. ಬೆಂಗಳೂರಿನ ಪರಿಷ್ಕೃತ ಮಾಸ್ಟರ್ ಪ್ಲಾನ್ 2015ರಲ್ಲಿ ಕೆರೆಯ ಸುತ್ತ 30 ಮೀಟರ್ ಮೀಸಲು ವಲಯವಿತ್ತು. ರಾಷ್ಟ್ರೀಯ ಹಸಿರು ನ್ಯಾಯಮಂಡಳಿ 2016ರಲ್ಲಿ ಅದನ್ನು 75 ಮೀಟರಿಗೆ ಏರಿಸಿತು. ಕೆರೆಗಳ ಮೇಲೆ ಪ್ರೀತಿಯಿರುವ ನನಗೆ ಆ ಆದೇಶ ಹಿಡಿಸಿತ್ತು. ಆದರೆ ಶಾಸನಬದ್ಧ ಯೋಜನೆಯ ಅಳತೆಯನ್ನು ನ್ಯಾಯಮಂಡಳಿ ಬದಲಾಯಿಸಲಾಗದು ಎಂದು 2019ರಲ್ಲಿ ಸುಪ್ರೀಂ ಕೋರ್ಟ್ ಆ ಭಾಗವನ್ನು ರದ್ದುಪಡಿಸಿತು. ಒಳ್ಳೆಯ ಉದ್ದೇಶದವರೂ ಕಾಯ್ದೆಯ ದಾರಿಯಲ್ಲೇ ಬರಬೇಕಾದರೆ, ಎರಡು ಎಕರೆಯ ಮೇಲೆ ಕಣ್ಣಿಟ್ಟವರಿಗೆ ವಿನಾಯಿತಿ ಎಲ್ಲಿಂದ ಬರುತ್ತದೆ?

ಈಗ ನಿಮಗೆ ಇಷ್ಟವಾಗದ ಮಾತು. ಆ ಎರಡು ಎಕರೆಯ ಪಹಣಿಯಲ್ಲಿ ಯಾರ ಹೆಸರಿದೆ ಎಂಬುದನ್ನು ನೀವು ಬರೆದಿಲ್ಲ. ಉತ್ತರದ ಅರ್ಧಭಾಗ ಅದರ ಮೇಲೆಯೇ ನಿಂತಿದೆ. ಬಡಾವಣೆಗೆ ಅನುಮೋದನೆ ಪಡೆಯುವಾಗ ಮಾಲೀಕರು ಉದ್ಯಾನಕ್ಕೆಂದು ಬಿಟ್ಟುಕೊಟ್ಟು ಸ್ಥಳೀಯ ಸಂಸ್ಥೆಗೆ ನೋಂದಾಯಿಸಿಕೊಟ್ಟ ಜಾಗವಾಗಿದ್ದರೆ ನಿಮ್ಮ ವಾದ ಬಹಳ ಗಟ್ಟಿ. 1985ರ ಕರ್ನಾಟಕ ಉದ್ಯಾನ, ಆಟದ ಬಯಲು ಮತ್ತು ತೆರೆದ ಸ್ಥಳಗಳ ಸಂರಕ್ಷಣಾ ಕಾಯ್ದೆಯನ್ನೂ ಜೊತೆಗೆ ಎತ್ತಿಕೊಳ್ಳಬಹುದು. ಅದು ಖಾಸಗಿಯವರ ಜಮೀನಾಗಿದ್ದು, ಯೋಜನೆಯಲ್ಲಿ ಮಾತ್ರ ಉದ್ಯಾನವೆಂದು ಗುರುತಿಸಿ ಸ್ವಾಧೀನವನ್ನೇ ಮಾಡಿಕೊಂಡಿಲ್ಲದಿದ್ದರೆ ಕಥೆ ಬೇರೆ. 1961ರ ಯೋಜನಾ ಕಾಯ್ದೆಯ 69ನೇ ಪ್ರಕರಣದ ಪ್ರಕಾರ, ಯೋಜನೆ ಪ್ರಕಟವಾದ 5 ವರ್ಷಗಳೊಳಗೆ ಆ ಭೂಮಿಯನ್ನು ಒಪ್ಪಂದದ ಮೂಲಕ ಪಡೆಯದೆ, ಸ್ವಾಧೀನದ ಪ್ರಕ್ರಿಯೆಯನ್ನೂ ಆರಂಭಿಸದೆ ಇದ್ದರೆ ಆ ಮೀಸಲು ತಾನಾಗಿಯೇ ಬಿದ್ದುಹೋಗುತ್ತದೆ. ಇದರಲ್ಲಿ ಅನ್ಯಾಯವೇನೂ ಇಲ್ಲ. ಒಬ್ಬ ರೈತನ ಹೊಲಕ್ಕೆ ಹಸಿರು ಬಳಿದು, ದುಡ್ಡೂ ಕೊಡದೆ, ಮನೆಯನ್ನೂ ಕಟ್ಟಲು ಬಿಡದೆ ಇಪ್ಪತ್ತು ವರ್ಷ ಕಾಯಿಸುವುದು ಯಾವ ಯೋಜನೆ? ಉದ್ಯಾನ ಬೇಕೆನ್ನುವ ಪುರಸಭೆ ಆ 5 ವರ್ಷದಲ್ಲಿ ಏನು ಮಾಡಿತು ಎಂದೂ ನೀವು ಕೇಳಬೇಕಾಗುತ್ತದೆ.

ಇನ್ನೊಂದು ಗೊಂದಲವನ್ನೂ ಇಲ್ಲೇ ಬಿಡಿಸುತ್ತೇನೆ. ಜಿಲ್ಲಾಧಿಕಾರಿಗಳಿಂದ ಕನ್ವರ್ಷನ್ ಆಗಿದೆ ಎಂದು ಯಾರಾದರೂ ಕಾಗದ ತೋರಿಸಿದರೆ ಕಂಗಾಲಾಗಬೇಡಿ. ಅದು 1964ರ ಭೂ ಕಂದಾಯ ಕಾಯ್ದೆಯ 95ನೇ ಪ್ರಕರಣದಡಿ ಕೃಷಿ ಭೂಮಿಯನ್ನು ಕೃಷಿಯೇತರ ಉದ್ದೇಶಕ್ಕೆ ಬಳಸಲು ಕೊಡುವ ಅನುಮತಿ. ಮಾಸ್ಟರ್ ಪ್ಲಾನ್‌ನ ಬಣ್ಣ ಅದರಿಂದ ಬದಲಾಗುವುದಿಲ್ಲ.

ಆಕ್ಷೇಪಣೆಯಲ್ಲಿ ಏನು ಬರೆಯಬೇಕು ಎಂಬುದಕ್ಕೆ ನನ್ನ ಸಲಹೆ ಸರಳವಾದದ್ದು. 'ನಮಗೆ ಉದ್ಯಾನ ಬೇಕು' ಎಂಬ ಒಂದು ಸಾಲಿನ ಅರ್ಜಿಗಳು ನೂರು ಬಂದರೂ ಕಚೇರಿಯಲ್ಲಿ ಅವುಗಳನ್ನೆಲ್ಲ ಸೇರಿಸಿ ಒಂದೇ ಆಕ್ಷೇಪಣೆಯಾಗಿ ಎಣಿಸುತ್ತಾರೆ. ನಾನೇ ಹಾಗೆ ಎಣಿಸಿದ್ದೇನೆ. ಸರ್ವೆ ನಂಬರನ್ನು ಹಿಸ್ಸಾ ಸಮೇತ ನಮೂದಿಸಿ, ಪ್ರಸ್ತಾವದಲ್ಲಿ 14ಎ ಪ್ರಕರಣದ ಯಾವ ಕಾರಣವನ್ನು ಹೇಳಲಾಗಿದೆ, ಅದರಲ್ಲಿ ಸಾರ್ವಜನಿಕ ಹಿತಾಸಕ್ತಿ ಯಾವುದು, ಕಳೆದುಕೊಳ್ಳುವ ತೆರೆದ ಜಾಗಕ್ಕೆ ಪ್ರತಿಯಾಗಿ ಯೋಜನೆಯಲ್ಲಿ ಬೇರೆ ಜಾಗವನ್ನು ತೋರಿಸಿದ್ದಾರೆಯೇ ಎಂದು ಒಂದೊಂದಾಗಿ ಕೇಳಿ. ಪುರಸಭೆಯ ನಿರ್ಣಯದ ದೃಢೀಕೃತ ಪ್ರತಿಯನ್ನು ಲಗತ್ತಿಸಿ. ಮಂಜೂರಾದ ಯೋಜನೆಯ ಪ್ರತಿ ಪ್ರಾಧಿಕಾರದ ಕಚೇರಿಯಲ್ಲಿ ಸಾರ್ವಜನಿಕರ ಪರಿಶೀಲನೆಗೆ ಲಭ್ಯವಿರಬೇಕು. ಅದನ್ನು ಹೋಗಿ ನೋಡಿ ಬರುವುದಕ್ಕೆ ಯಾರ ಅನುಮತಿಯೂ ಬೇಡ. ಜೊತೆಗೆ ಮಾಹಿತಿ ಹಕ್ಕು ಕಾಯ್ದೆಯಡಿ ಪ್ರಾಧಿಕಾರದ ಸಭಾ ನಡವಳಿ ಮತ್ತು ಸರ್ಕಾರಕ್ಕೆ ಹೋದ ಪತ್ರವ್ಯವಹಾರವನ್ನು ಕೇಳಿ, ಆದರೆ ಆ ಉತ್ತರ ಬರಲೆಂದು ಆಕ್ಷೇಪಣೆಯನ್ನು ತಡೆಹಿಡಿಯಬೇಡಿ, ಏಕೆಂದರೆ ಅದಕ್ಕೆ 30 ದಿನಗಳ ಅವಧಿಯಿದೆ, ಇದಕ್ಕೆ ಇರುವುದು 15.

ಎಲ್ಲ ಆಕ್ಷೇಪಣೆಗಳನ್ನೂ ತಳ್ಳಿಹಾಕಿ ಅನುಮೋದನೆ ಬಂದರೆ, ಸಂವಿಧಾನದ 226ನೇ ವಿಧಿಯಡಿ ಹೈಕೋರ್ಟಿನಲ್ಲಿ ರಿಟ್ ಅರ್ಜಿ ಸಲ್ಲಿಸಬಹುದು. ಕಟ್ಟಡ ಎದ್ದ ಮೇಲೆ ಹೋದರೆ ತಡವಾಗಿ ಬಂದಿರೆಂಬ ಮಾತನ್ನೇ ಮೊದಲು ಕೇಳಬೇಕಾಗುತ್ತದೆ. ಆ ದಿನಕ್ಕೆ ನಿಮ್ಮ ಕೈಯಲ್ಲಿ ಇರಬೇಕಾದದ್ದು ಆಕ್ಷೇಪಣೆಯ ಎರಡನೇ ಪ್ರತಿ. ಅದನ್ನು ಅಂಚೆಗೆ ಹಾಕಿ ಕೂರದೆ ಕಚೇರಿಗೆ ನೀವೇ ಒಯ್ದು ಕೊಟ್ಟು, ಆವಕ ವಿಭಾಗದಲ್ಲಿ ದಿನಾಂಕವಿರುವ ಸ್ವೀಕೃತಿ ಮೊಹರನ್ನು ನಿಮ್ಮ ಪ್ರತಿಯ ಮೇಲೆ ಹಾಕಿಸಿಕೊಂಡೇ ಹೊರಗೆ ಬನ್ನಿ.