ಶವಾಸನದಲ್ಲಿ ಕಣ್ಣು ಮುಚ್ಚದ ಹುಡುಗಿ

ಜೂನ್ ಹತ್ತಿರ ಬಂತೆಂದರೆ ಇಂಥ ಒಂದು ಪ್ರಕರಣ ಆಪ್ತಸಮಾಲೋಚಕಿಯಾದ ನನ್ನ ಬಳಿ ಬಂದೇ ಬರುತ್ತದೆ. ಜೂನ್ 21ರ ಯೋಗ ದಿನಕ್ಕೆ, ಆಸರೆ, ರಕ್ಷಣೆ ಬೇಕಾದ ಮಕ್ಕಳಿರುವ ಬಾಲಮಂದಿರಗಳಲ್ಲಿ ತಾಲೀಮು ಶುರುವಾಗಿರುತ್ತದೆ. ಒಂದು ಮಗು ‘ಸರಿಯಾಗಿ ಮಾಡ್ತಿಲ್ಲ’ ಅಂತ ದೂರು ಬರುತ್ತದೆ. ಕಲಿಸುವ ರೀತಿಯ ಬಗ್ಗೆ ಇದುವರೆಗೆ ಯಾರೂ ದೂರು ತಂದಿಲ್ಲ. ಅದಕ್ಕೇ ಇದನ್ನು ಬರೆಯುತ್ತಿದ್ದೇನೆ.

ಹುಡುಗಿಯನ್ನು ಸುಮಾ ಅನ್ನೋಣ. ಹೆಸರು, ಊರು, ಇನ್ನೂ ಕೆಲವು ವಿವರ ಬದಲಿಸಿದ್ದೇನೆ. ಹೈಸ್ಕೂಲು ಓದುವ ವಯಸ್ಸು. ಮಕ್ಕಳ ಕಲ್ಯಾಣ ಸಮಿತಿಯ ಆದೇಶದ ಮೇಲೆ ಬಾಲಕಿಯರ ಬಾಲಮಂದಿರಕ್ಕೆ ಬಂದವಳು. ಅದಕ್ಕೂ ಮುಂಚೆ ಅವಳಿಗೆ ಏನಾಯಿತು ಅನ್ನುವುದನ್ನು ಬರೆಯುವುದಿಲ್ಲ.

ಯೋಗ ಕಲಿಸುತ್ತಿದ್ದವರು ಒಬ್ಬ ನಿವೃತ್ತ ಶಿಕ್ಷಕಿ. ಒಂದು ಪೈಸೆ ತೆಗೆದುಕೊಳ್ಳದೆ, ಮಳೆಯಾದರೂ ತಪ್ಪಿಸದೆ, ಬೆಳಗ್ಗೆ ಆರಕ್ಕೆಲ್ಲ ಬರುವ ಹೆಂಗಸು. ಒಳ್ಳೆಯವರು, ಅದರಲ್ಲಿ ಅನುಮಾನವಿಲ್ಲ. ಸುಮಾ ಶವಾಸನದಲ್ಲಿ ಕಣ್ಣು ಮುಚ್ಚುವುದಿಲ್ಲ, ಗೋಡೆಯ ಪಕ್ಕ ಬಿಟ್ಟು ಏಳುವುದಿಲ್ಲ ಅನ್ನುವುದು ಅವರ ಹಳೆಯ ದೂರು. ಒಂದು ದಿನ ತ್ರಿಕೋನಾಸನದಲ್ಲಿ ಸೊಂಟ ತಿದ್ದಲು ಹೋದರೆ ಕೈ ಕೊಡವಿ, ಕಿರುಚಿ, ಹೊರಗೆ ಓಡಿಬಿಟ್ಟಳಂತೆ. ಉಳಿದ ಹುಡುಗಿಯರು ನಕ್ಕರು. ಅವತ್ತು ಸುಮಾಗೆ ಟಿವಿ ಬಂದ್ ಆಯಿತು. ಆಮೇಲೆ ‘ಸ್ವಲ್ಪ ಹಟ ಬಿಡಿಸಿ’ ಎಂದು ನನ್ನ ಬಳಿ ಕಳಿಸಿದರು.

ಮೊದಮೊದಲು ಸುಮಾ ಏನೂ ಹೇಳಲಿಲ್ಲ. ಯೋಗದ ಮಾತೆತ್ತಿದರೆ ಉಗುರು ಕಚ್ಚುತ್ತಿದ್ದಳು. ನಾನೂ ಒತ್ತಾಯ ಮಾಡಲಿಲ್ಲ. ಒಂದು ಮಧ್ಯಾಹ್ನ ಹಾಳೆ, ಪೆನ್ಸಿಲ್ ಕೊಟ್ಟು, “ನೀವು ಯೋಗ ಮಾಡೋ ಹಾಲ್ ಹೇಗಿದೆ, ಬರೆದು ತೋರಿಸ್ತೀಯಾ?” ಎಂದೆ. ಬರೆದಳು. ಬಾಗಿಲು, ಎರಡು ಕಿಟಕಿ, ಮ್ಯಾಟುಗಳ ಸಾಲು. ತನ್ನ ಮ್ಯಾಟನ್ನು ಗೋಡೆಗೆ ಅಂಟಿಸಿ, ಬಾಗಿಲು ಕಾಣುವ ಹಾಗೆ ಬರೆದಳು.

“ಮಿಸ್ ಎಲ್ಲಿರ್ತಾರೆ?”

ಪೆನ್ಸಿಲ್ ಹಿಡಿದುಕೊಂಡು ಸುಮ್ಮನೆ ಕೂತಳು. ಆಮೇಲೆ ಹೇಳಿದಳು: “ಅದೇ ಗೊತ್ತಾಗಲ್ಲ ಮೇಡಂ. ಅವರು ಬರಿಗಾಲಲ್ಲಿ ಓಡಾಡ್ತಾರೆ. ಸದ್ದೇ ಬರಲ್ಲ.”

ದೂರಿನಲ್ಲಿದ್ದ ಎಲ್ಲದಕ್ಕೂ ಉತ್ತರ ಈ ಒಂದು ಮಾತಿನಲ್ಲಿತ್ತು. ಮಿಸ್ ಚಪ್ಪಲಿ ಹೊರಗೆ ಬಿಟ್ಟು ಬರುವುದು ಯೋಗದ ಮೇಲಿನ ಗೌರವಕ್ಕೆ. ಆದರೆ ಕಣ್ಣು ಮುಚ್ಚಿ ಅಂಗಾತ ಮಲಗಿದ ಹುಡುಗಿಗೆ ಸುತ್ತ ಯಾರು ಓಡಾಡುತ್ತಿದ್ದಾರೆ ಅಂತ ತಿಳಿಯಲು ಕಿವಿ ಒಂದೇ ಉಳಿದಿರುತ್ತದೆ. ಆ ಕಿವಿಗೂ ಏನೂ ಕೇಳುವುದಿಲ್ಲ. ಹಿಂಸೆ ಕಂಡ ಮಕ್ಕಳ ಮೈ ಸದಾ ಕಾವಲು ಕಾಯುತ್ತಿರುತ್ತದೆ. ಯಾರು ಎಲ್ಲಿದ್ದಾರೆ, ಬಾಗಿಲು ಯಾವ ಕಡೆ, ಓಡುವುದಾದರೆ ಹೇಗೆ. ಇದು ಯೋಚನೆ ಮಾಡಿ ಮಾಡುವ ಕೆಲಸವಲ್ಲ. ಹೆದರಿಕೆ ಮೈಗೆ ಕಲಿಸಿಬಿಟ್ಟಿರುತ್ತದೆ. ಅಂಥ ಮಗುವಿಗೆ ‘ರಿಲ್ಯಾಕ್ಸ್ ಆಗು’ ಅಂದರೆ ಕಾವಲು ಬಿಡು ಅಂದ ಹಾಗೆ. ಬಿಟ್ಟಾಳಾ?

“ಮಿಸ್ ಎಲ್ಲಿದ್ರೆ ನಿನಗೆ ಪರವಾಗಿಲ್ಲ?” ಎಂದೆ. ಹಾಳೆಯಲ್ಲಿ ಎಲ್ಲರ ಮುಂದೆ ಒಂದು ಮ್ಯಾಟ್ ಬರೆದಳು. “ಇಲ್ಲೇ ಇರ್ಲಿ. ಅವರೂ ನಮ್ಮ ಜೊತೆ ಮಾಡ್ಲಿ.” ಇದನ್ನು ಮಿಸ್‌ಗೆ ಹೇಳಬಹುದಾ ಎಂದು ಕೇಳಿದೆ. “ಇದು ಮಾತ್ರ ಹೇಳಿ” ಎಂದಳು.

ಹಾಗಾಗಿ ಅದು ಮಾತ್ರ ಹೇಳಿದೆ. ಶಿಕ್ಷಕಿಗೆ ಬೇಜಾರಾಯಿತು. “ಅವಳ ಕಥೆ ಮೊದಲೇ ಹೇಳಿದ್ರೆ ನಾನು ಜಾಗ್ರತೆ ಮಾಡ್ತಿರ್ಲಿಲ್ವಾ ಮೇಡಂ?” ಎಂದರು. ಈ ಪ್ರಶ್ನೆ ನನಗೆ ಎಲ್ಲ ಕಡೆ ಬರುತ್ತದೆ. ಮಗುವಿನ ಕಥೆ ಹೊರಗೆ ಹೇಳಬಾರದು ಅನ್ನುವ ಕಾನೂನು ಹಾಗಿರಲಿ, ನನ್ನ ನಂಬಿಕೆಯೇ ಬೇರೆ. ಒಬ್ಬಳ ಕಥೆ ಗೊತ್ತಾದರೆ ಒಬ್ಬಳ ಹತ್ತಿರ ಜಾಗ್ರತೆ ಮಾಡುತ್ತೀರಿ. ಬಾಯಿ ಬಿಡದೆ ಸಾಲಿನಲ್ಲಿ ನಿಂತಿರುವ ಉಳಿದವರ ಗತಿ ಏನು? ಕಟ್ಟಡಕ್ಕೆ ರ‍್ಯಾಂಪ್ ಹಾಕಿಸುವಾಗ ಯಾರ ಕಾಲಿಗೆ ಏನಾಯಿತು ಅಂತ ವಿಚಾರಿಸುತ್ತೀವಾ? ಎಲ್ಲರಿಗೂ ಸಲ್ಲುವ ಹಾಗೆ ಕಲಿಸಿದರೆ ಯಾರ ಕಥೆಯೂ ಬೇಕಾಗುವುದಿಲ್ಲ.

“ಯೋಗ ಅಂದ್ರೆ ಶಿಸ್ತು. ಮನಸ್ಸಿಗೆ ಬಂದ ಹಾಗೆ ಮಾಡೋದಾದ್ರೆ ನಾನ್ಯಾಕೆ ಬರ್ಬೇಕು?” ಅನ್ನುವುದು ಅವರ ಮುಂದಿನ ಮಾತು. ಅದಕ್ಕೆ ನಾನು ಒಂದು ಅಧ್ಯಯನದ ವಿಷಯ ಹೇಳಿದೆ. ಅಮೆರಿಕದಲ್ಲಿ ಬೆಸೆಲ್ ವಾನ್ ಡರ್ ಕೋಲ್ಕ್ ಎಂಬ ಮನೋವೈದ್ಯರ ತಂಡ 2014ರಲ್ಲಿ ಪ್ರಕಟಿಸಿದ್ದು. ಮನಸ್ಸಿಗಾದ ಆಘಾತದ ತೊಂದರೆ (ಪಿಟಿಎಸ್‌ಡಿ) ಹಳೆಯದಾಗಿ, ಚಿಕಿತ್ಸೆಗೂ ಬಗ್ಗದ 64 ಹೆಂಗಸರನ್ನು ಎರಡು ಗುಂಪು ಮಾಡಿ, ಒಂದು ಗುಂಪಿಗೆ ಹತ್ತು ವಾರ, ವಾರಕ್ಕೊಂದು ಯೋಗ ತರಗತಿ ಕೊಟ್ಟರು. ಕೊನೆಯಲ್ಲಿ ಲೆಕ್ಕಕ್ಕೆ ಸಿಕ್ಕವರ ಪೈಕಿ, ಯೋಗದ ಗುಂಪಿನ 31 ಜನರಲ್ಲಿ 16 ಮಂದಿಗೆ ಆ ಕಾಯಿಲೆಯ ಲಕ್ಷಣಗಳು ರೋಗ ಎನ್ನುವ ಮಟ್ಟಕ್ಕಿಂತ ಕೆಳಗಿಳಿದಿದ್ದವು. ಆರೋಗ್ಯ ಪಾಠ ಕೇಳಿದ ಇನ್ನೊಂದು ಗುಂಪಿನ 29ರಲ್ಲಿ 6 ಮಂದಿಗೆ ಮಾತ್ರ. ಅವರು ದೊಡ್ಡ ಹೆಂಗಸರು, ನಮ್ಮವರು ಮಕ್ಕಳು. ಹಾಗಾಗಿ ಈ ಅಂಕಿಗಳನ್ನು ಹಿಡಿದು ನಾನು ಬಾಲಮಂದಿರಕ್ಕೆ ಭರವಸೆ ಕೊಡುವುದಿಲ್ಲ. ನನಗೆ ಮುಖ್ಯ ಅನಿಸುವುದು ಅಲ್ಲಿ ಕಲಿಸುವ ರೀತಿ. ಆಜ್ಞೆ ಇಲ್ಲ, ‘ಬೇಕಿದ್ದರೆ ಹೀಗೆ ಮಾಡಿ ನೋಡಿ’ ಅನ್ನುವ ಮಾತು. ತನ್ನ ಮೈ ಮೇಲೆ ತನ್ನ ಮಾತು ನಡೆಯುತ್ತದೆ ಅಂತ ಮಗು ಕಲಿಯುವುದೇ ದೊಡ್ಡ ಶಿಸ್ತು ಅಲ್ವಾ?

ನಾನು ಬರೆದುಕೊಟ್ಟ ಸಲಹೆ ಇಷ್ಟು. ಮಿಸ್ ಮುಂದಿನ ಮ್ಯಾಟಿನಲ್ಲೇ ಇರಬೇಕು. ಓಡಾಡಲೇಬೇಕಾದರೆ ಮಾತಾಡುತ್ತಾ ಓಡಾಡಬೇಕು. ಮುಟ್ಟಿ ತಿದ್ದುವುದು ಯಾರಿಗೂ ಬೇಡ, ಬಾಯಲ್ಲಿ ಹೇಳಿದರೆ ಸಾಕು. ‘ಮುಟ್ಟಲಾ’ ಅಂತ ಕೇಳಿ ಮುಟ್ಟಬಹುದಲ್ಲ ಎಂದು ಶಿಕ್ಷಕಿ ಕೇಳಿದರು. ದೊಡ್ಡವರ ತರಗತಿಯಲ್ಲಿ ಸರಿ. ಬಾಲಮಂದಿರದ ಮಗು ಮಿಸ್‌ಗೆ ಬೇಡ ಅನ್ನುವುದು ಕಷ್ಟ. ತಲೆ ಆಡಿಸುತ್ತದೆ ಅಷ್ಟೇ. ಶವಾಸನಕ್ಕೆ ಕಣ್ಣು ತೆರೆದಿದ್ದರೂ ಸರಿ, ಗೋಡೆಗೊರಗಿ ಕೂತರೂ ಸರಿ. ಅಂಗಾತ ಮಲಗಿ ಸೊಂಟ ಎತ್ತುವ ಸೇತುಬಂಧಾಸನ, ಮಂಡಿ ಅಗಲಿಸಿ ಕೂರುವ ಭದ್ರಾಸನದಂಥ ಭಂಗಿಗಳಲ್ಲಿ ಕೆಲವು ಹುಡುಗಿಯರಿಗೆ ತೀರಾ ಮುಜುಗರ, ಕೆಲವರಿಗೆ ಭಯ. ಅವುಗಳ ಬದಲು ನಿಂತು ಮಾಡುವ ತಾಡಾಸನ, ವೃಕ್ಷಾಸನ, ವೀರಭದ್ರಾಸನ ಜಾಸ್ತಿ ಮಾಡಿಸಿ. ಕಪಾಲಭಾತಿಯನ್ನು ಸದ್ಯಕ್ಕೆ ಬಿಡಿ. ಜೋರು ಉಸಿರಾಟದಿಂದ ಎದೆ ಡವಡವ ಅಂದರೆ ಹೆದರಿದ ಮಗುವಿಗೆ ಹಳೆಯ ಹೆದರಿಕೆಯೇ ಮತ್ತೆ ಬಂದಂತಾಗಬಹುದು. ಯಾರಾದರೂ ಮರಗಟ್ಟಿ ಕೂತರೆ ಹಿಡಿಯಬೇಡಿ, ಸುತ್ತ ಗುಂಪು ಸೇರಬೇಡಿ. ಹೆಸರು ಹಿಡಿದು ಕರೆಯಿರಿ, ಈಗ ಎಲ್ಲಿದ್ದೀಯ ಅಂತ ಹೇಳಿ, ಪಾದ ನೆಲಕ್ಕೆ ಒತ್ತಲು ಹೇಳಿ, ಬಾಗಿಲ ದಾರಿ ಬಿಡಿ. ಶಿಕ್ಷೆಯಂತೂ ಬೇಡವೇ ಬೇಡ.

ಯೋಗವನ್ನೇ ಚಿಕಿತ್ಸೆ ಅಂದುಕೊಳ್ಳಬಾರದು ಅಂತಲೂ ಬರೆದೆ. ಸುಮಾಗೆ ರಾತ್ರಿ ನಿದ್ದೆ ಇರಲಿಲ್ಲ. ಅದಕ್ಕೆ ಜಿಲ್ಲಾ ಆಸ್ಪತ್ರೆಯ ಮನೋವೈದ್ಯರಿಗೆ ತೋರಿಸಿ ಎಂದೆ. ತೋರಿಸಿದರು. ಇಂಥ ಸಂಸ್ಥೆಗಳಲ್ಲಿ ಕೆಲಸ ಮಾಡುವವರಿಗೆ ತಕ್ಷಣ ಸಲಹೆ ಬೇಕಾದರೆ ಟೆಲಿ ಮಾನಸ್ ಸಹಾಯವಾಣಿ 14416 ಇದೆ.

ಸೂಪರಿಂಟೆಂಡೆಂಟ್ ಮೇಡಂ ಅವರ ಚಿಂತೆ ಬೇರೆ ಇತ್ತು. ಎಲ್ಲರೂ ಒಂದೇ ಥರ ಮಾಡದಿದ್ದರೆ ಫೋಟೊ ಚೆನ್ನಾಗಿ ಬರಲ್ಲ! 2015ರ ಬಾಲನ್ಯಾಯ ಕಾಯ್ದೆಯ 74ನೇ ಸೆಕ್ಷನ್ ಪ್ರಕಾರ ಈ ಮಕ್ಕಳ ಗುರುತು ಸಿಗುವಂಥ ಫೋಟೊ ಪ್ರಕಟಿಸುವ ಹಾಗೇ ಇಲ್ಲ ಎಂದು ನೆನಪಿಸಿದೆ. ಆ ವರ್ಷ ಖಾಲಿ ಮ್ಯಾಟುಗಳ ಫೋಟೊ ಕಳಿಸಿದರಂತೆ. ಯಾರೂ ತಕರಾರು ಮಾಡಲಿಲ್ಲ.

ಸುಮಾ ಈಗಲೂ ಶವಾಸನ ಮಾಡುವುದಿಲ್ಲ. ವೃಕ್ಷಾಸನದಲ್ಲಿ ಮಾತ್ರ ಎಲ್ಲರಿಗಿಂತ ಹೊತ್ತು ನಿಲ್ಲುತ್ತಾಳೆ ಎಂದು ಶಿಕ್ಷಕಿಯೇ ಹೇಳಿದರು. ದುಂಬಿಯಂತೆ ಗುಂಯ್‌ಗುಡುತ್ತಾ ಉಸಿರು ಬಿಡುವ ಭ್ರಾಮರಿಗೆ ಕಣ್ಣು ಮುಚ್ಚಲೇಬೇಕು ಅನ್ನುವ ವಾದವನ್ನು ಅವರು ಇನ್ನೂ ಬಿಟ್ಟಿಲ್ಲ. ನಾನೂ ನನ್ನ ವಾದ ಬಿಟ್ಟಿಲ್ಲ. ಸದ್ಯಕ್ಕೆ, ಭ್ರಾಮರಿ ಬೇಡವಾದವರು ಎದ್ದು ಹೋಗಿ ನೀರು ಕುಡಿದು ಬರಬಹುದು ಎಂಬಲ್ಲಿಗೆ ರಾಜಿಯಾಗಿದೆ.